ಇಪ್ಪತ್ತೈದು ದಿನ ಬಾಳಿದ ಹಡಗಿನ ಬೆನ್ನುಹತ್ತಿ

ಜರ್ಮನ್ ನೌಕಾಪಡೆಯ ಹಳೆಯ ಕಡತಗಳನ್ನು ನೋಡಬೇಕೆಂದರೆ ಕಡಲಿಗೆ ಬೆನ್ನುಹಾಕಿ ಹೋಗಬೇಕು. ಅವು ಇರುವುದು ಬ್ಲ್ಯಾಕ್ ಫಾರೆಸ್ಟ್ ಕಾಡಿನ ಅಂಚಿನ ಫ್ರೈಬುರ್ಗ್ ಊರಿನ ಸೇನಾ ದಾಖಲೆ ಭಂಡಾರದಲ್ಲಿ. ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ಹೆದರಿ ಇವನ್ನು ಬರ್ಲಿನ್‌ನಿಂದ ಟಾಂಬಾಖ್ ಕೋಟೆಗೆ ಸಾಗಿಸಿದ್ದರು. ಅಲ್ಲಿ ಬ್ರಿಟಿಷರ ಕೈಗೆ ಸಿಕ್ಕಿ ಲಂಡನ್ ಸೇರಿದವು, ಯುದ್ಧ ಮುಗಿದು ಎಷ್ಟೋ ವರ್ಷಗಳ ಮೇಲೆ ವಾಪಸಾದವು. ನಾನು ಹುಡುಕುತ್ತಿದ್ದ ‘ಗ್ರೋಸರ್ ಕುರ್‌ಫ್ಯೂರ್ಸ್ಟ್’ ಎಂಬ ಜರ್ಮನ್ ಯುದ್ಧನೌಕೆಯಾದರೋ ಅಷ್ಟು ದೂರ ಹೋಗಲೇ ಇಲ್ಲ.

ಕಬ್ಬಿಣದ ಕವಚ, ಎರಡು ತಿರುಗು ಗೋಪುರಗಳಲ್ಲಿ 26 ಸೆಂ.ಮೀ. ಬಾಯಿಯ ನಾಲ್ಕು ತೋಪು, ಸಾಲದೆಂಬಂತೆ ಮೂರು ಹಾಯಿಮರ. ವರ್ಷಗಟ್ಟಲೆ ಕಟ್ಟಿ 1875ರಲ್ಲಿ ನೀರಿಗಿಳಿಸಿದರು. 1878ರ ಮೇ 6ರಂದು ಸೇವೆಗೆ ಸೇರಿತು. ಮೇ 31ರಂದು ಮುಳುಗಿತು.

ದಾಖಲೆಗಳ ಕೈಬರಹ ಹಳೆಯ ಜರ್ಮನ್ ಶೈಲಿಯದು. ನಮ್ಮ ಕಂದಾಯ ದಫ್ತರಗಳ ಮೋಡಿ ಬರಹದ ಹಾಗೆ, ಒಂದಕ್ಷರ ಇನ್ನೊಂದರ ಕೊರಳಿಗೆ ಜೋತುಬಿದ್ದಿರುತ್ತದೆ. ಒಂದು ಪುಟ ದಾಟುವಷ್ಟರಲ್ಲಿ ಕಣ್ಣು ಸೋಲುತ್ತದೆ. ಆದರೂ ನಡೆದದ್ದು ಇಷ್ಟೆಂದು ತಿಳಿಯುತ್ತದೆ: ಅಡ್ಮಿರಲ್ ಬಾಟ್ಷ್ ಇದ್ದ ‘ಕ್ಯೋನಿಗ್ ವಿಲ್‌ಹೆಲ್ಮ್’ ಎಂಬ ಇನ್ನೊಂದು ಯುದ್ಧನೌಕೆಯ ಪಕ್ಕದಲ್ಲೇ, ತೀರಾ ಒತ್ತಿಕೊಂಡು, ಈ ಹಡಗು ಸಾಗುತ್ತಿತ್ತು. ಇಂಗ್ಲೆಂಡಿನ ಫೋಕ್‌ಸ್ಟನ್ ಎದುರು ಹಾಯಿಹಡಗುಗಳು ಅಡ್ಡ ಬಂದವು. ಅವನ್ನು ತಪ್ಪಿಸುವ ಗಡಿಬಿಡಿಯಲ್ಲಿ ‘ಕ್ಯೋನಿಗ್ ವಿಲ್‌ಹೆಲ್ಮ್’ನ ಚೂಪು ಮೂತಿ ಜೊತೆಗಾರನ ಪಕ್ಕೆಗೇ ನುಗ್ಗಿತು. ಶತ್ರುವಿನ ಹಡಗನ್ನು ಸೀಳಲೆಂದು ಮಾಡಿದ ಮೂತಿ ಅದು! ನೀರು ತಡೆಯುವ ಬಾಗಿಲುಗಳನ್ನು ಸಮಯಕ್ಕೆ ಮುಚ್ಚಲು ಹೊಸಬರಾದ ನಾವಿಕರಿಂದ ಆಗಲಿಲ್ಲ. ಕೆಲವೇ ನಿಮಿಷಗಳಲ್ಲಿ ಎಲ್ಲ ಮುಗಿದು 250ಕ್ಕೂ ಹೆಚ್ಚು ಜನ ಸತ್ತರು.

ಎರಡೇ ದಿನಕ್ಕೆ, ಜೂನ್ 2ರಂದು, ಬರ್ಲಿನ್‌ನಲ್ಲಿ ಚಕ್ರವರ್ತಿ ಒಂದನೇ ವಿಲ್‌ಹೆಲ್ಮ್ ಮೇಲೆ ಗುಂಡಿನ ದಾಳಿಯಾಯಿತು. ನಾವಿಕರ ಸಾವು ಹಿಂದೆ ಸರಿದಿರಬೇಕು ಎಂದುಕೊಂಡೆ. ಆದರೆ ತಪ್ಪು ಯಾರದ್ದೆಂಬ ಜಗಳ ಸರಿಯಲಿಲ್ಲ. ನೌಕಾಪಡೆಯ ಮುಖ್ಯಸ್ಥ ಸ್ಟಾಷ್ ಮತ್ತು ಅವನ ವಿರೋಧಿಗಳು ವಿಚಾರಣೆಯನ್ನೇ ಕುಸ್ತಿ ಕಣ ಮಾಡಿಕೊಂಡರು. ಮುಳುಗಿದ ಹಡಗಿನ ಕಪ್ತಾನ ಮೋಂಟ್ಸ್ ಬದುಕುಳಿದ. ಹತ್ತು ವರ್ಷದ ನಂತರ ಅದೇ ಪಡೆಯ ಮುಖ್ಯಸ್ಥನೂ ಆದ. ಓದುತ್ತ ಓದುತ್ತ ನನಗೆ ಬೇಸರ ಹತ್ತಿದ್ದು ಇಲ್ಲಿಯೇ: ಸಾಹೇಬರ ಮಾನ ಉಳಿಸುವ ಕಾಗದ ರಾಶಿರಾಶಿ, ಕೆಳಗಿನ ಅಂತಸ್ತಿನಲ್ಲಿ ಕಲ್ಲಿದ್ದಲು ಎತ್ತುತ್ತಿದ್ದವರ ಮಾತು ಅಪರೂಪ.

ಹಡಗು ಹುಟ್ಟಿದ ವಿಲ್‌ಹೆಲ್ಮ್ಸ್‌ಹಾಫೆನ್‌ಗೂ ಹೋಗಿಬಂದೆ. ನೌಕಾ ಸಂಗ್ರಹಾಲಯ ಚೆನ್ನಾಗಿದೆ, ಹೊರಗೆ ಗಾಳಿ ಕಿವಿ ಕೀಳುತ್ತದೆ.

ಫೋಕ್‌ಸ್ಟನ್ ಬೇರೆಯೇ ಲೋಕ. ಲಂಡನ್ನಿನ ಸೇಂಟ್ ಪ್ಯಾಂಕ್ರಸ್‌ನಿಂದ ವೇಗದ ರೈಲಿನಲ್ಲಿ ಸುಮಾರು ಒಂದು ಗಂಟೆ. ಬಂಡೆಯಂಚಿನ ಮೇಲೆ ‘ಲೀಸ್’ ಎಂಬ ಉದ್ದನೆಯ ನಡೆದಾರಿ, ಕೆಳಗೆ ಕಡಲು. ನೆಲ ಅಷ್ಟು ಹತ್ತಿರ ಇದ್ದೂ ಇಷ್ಟು ಜನ ಸತ್ತರೇ ಎಂದು ಅಲ್ಲಿ ನಿಂತಾಗಲೇ ನಂಬಿಕೆಯಾಗದ್ದು. ಮೀನುಗಾರರು ದೋಣಿ ಹಾಕಿ ಎಷ್ಟೋ ಜನರನ್ನು ಎಳೆದುಕೊಂಡರು. ಚೆರಿಟನ್ ರಸ್ತೆಯ ಸ್ಮಶಾನದಲ್ಲಿ ಸತ್ತ ನಾವಿಕರ ಸ್ಮಾರಕವಿದೆ. ಇಂಗ್ಲಿಷರ ಸಮಾಧಿಗಳ ನಡುವೆ ಜರ್ಮನ್ ಸ್ಮಾರಕ. ಮುಂದೆ ಎರಡು ಮಹಾಯುದ್ಧ ಆದರೂ ಯಾರೂ ಅದನ್ನು ಕಿತ್ತುಹಾಕಲಿಲ್ಲವಲ್ಲ!

ಗುದ್ದಿದ ಹಡಗು ಮಾತ್ರ ದುರಸ್ತಿಯಾಗಿ ದೀರ್ಘಕಾಲ ಬಾಳಿತು. ಗುಜರಿಗೆ ಹೋದದ್ದು 1921ರಲ್ಲಿ. ಅದನ್ನು ಕಟ್ಟಿದ್ದೂ ಇಂಗ್ಲೆಂಡಿನಲ್ಲೇ, ಥೇಮ್ಸ್ ದಂಡೆಯ ಕಾರ್ಖಾನೆಯಲ್ಲಿ. ತುರ್ಕರಿಗೆಂದು ಶುರುವಾದದ್ದನ್ನು ಜರ್ಮನ್ ರಾಜ್ಯವಾದ ಪ್ರಷ್ಯಾ ಕೊಂಡುಕೊಂಡಿತ್ತು. ಅದೇ ಕಾರ್ಖಾನೆಯಲ್ಲಿ 1860ರಲ್ಲಿ ನೀರಿಗಿಳಿದ ‘ವಾರಿಯರ್’ ಎಂಬ ಬ್ರಿಟಿಷ್ ಯುದ್ಧನೌಕೆ ಇವತ್ತಿಗೂ ಪೋರ್ಟ್ಸ್‌ಮತ್ ಬಂದರಿನಲ್ಲಿ ತೇಲುತ್ತಿದೆ. ಟಿಕೆಟ್ ಕೊಂಡರೆ ಒಳಗೆ ಬಿಡುತ್ತಾರೆ. ಆ ಕಾಲದ ಕವಚದ ದಪ್ಪವನ್ನು ಕೈಯಿಂದ ಮುಟ್ಟಿ ನೋಡಬೇಕು ಅನ್ನಿಸಿ ಮರುದಿನದ ರೈಲಿಗೆ ಟಿಕೆಟ್ ತೆಗೆದೆ.