ಶಾಲೆಯ ಕಾರಿಡಾರ್, ಕಚೇರಿಯ ಮಂಗಳವಾರ

ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿ ನಾನು ಓದುತ್ತಿರುವ ಒಳಾಂಗಣ ವಾಸ್ತುಶಿಲ್ಪದ ಸ್ನಾತಕೋತ್ತರ ತರಗತಿಗೆ ಈ ವರ್ಷ ಎರಡು ಯೋಜನೆಗಳನ್ನು ಜೊತೆಜೊತೆಗೇ ಕೊಟ್ಟರು. ಒಂದು, ನಡೆಯುತ್ತಿರುವ ಪ್ರಾಥಮಿಕ ಶಾಲೆಯೊಂದರ ಕಾರಿಡಾರನ್ನು ಕಲಿಕೆಗೆ ಒದಗುವಂತೆ ಮಾಡುವುದು. ಇನ್ನೊಂದು, ಖಾಲಿ ಬಿದ್ದಿರುವ ಕಚೇರಿ ಕಟ್ಟಡದ ಒಂದು ಮಹಡಿಯನ್ನು ಸುಮಾರು ನಲವತ್ತು ಜನರ ಸಂಸ್ಥೆಗೆ ಸಜ್ಜುಗೊಳಿಸುವುದು. ಬೆಂಗಳೂರಿನಲ್ಲಿ ಪದವಿ ಓದುವಾಗ ಇವು ಬೇರೆ ಬೇರೆ ಸೆಮಿಸ್ಟರಿನ ಬೇರೆ ಬೇರೆ ಪಾಠಗಳಾಗಿದ್ದವು. ಇಲ್ಲಿ ಎರಡಕ್ಕೂ ಒಬ್ಬರೇ ಮಾರ್ಗದರ್ಶಕರು, ಅವರು ಕೇಳುವ ಪ್ರಶ್ನೆಯೂ ಒಂದೇ: ಹಲವರಿರುವ ಜಾಗದಲ್ಲಿ ಒಬ್ಬರು ತಮ್ಮ ಪಾಡಿಗೆ ತಾವು ಕೆಲಸ ಮಾಡಿಕೊಳ್ಳಲು ಏನೇನು ಬೇಕು? ಒಳಾಂಗಣ ವಿನ್ಯಾಸವೆಂದರೆ ಫಾಲ್ಸ್ ಸೀಲಿಂಗ್ ಮತ್ತು ಮಾಡ್ಯುಲರ್ ಕಿಚನ್ ಎಂದು ತಿಳಿದಿರುವ ಊರಿನ ಬಂಧುಗಳು "ಶಾಲೆಯ ಕಾರಿಡಾರಿನಲ್ಲಿ ಡಿಸೈನ್ ಮಾಡುವುದಕ್ಕೆ ಏನಿರುತ್ತದಮ್ಮಾ" ಎಂದು ಕೇಳುತ್ತಲೇ ಇರುತ್ತಾರೆ. ಅವರಿಗಾಗಿಯೂ, ಈ ಓದಿಗೆ ಬರುವ ಯೋಚನೆಯಲ್ಲಿರುವವರಿಗಾಗಿಯೂ ಇದನ್ನು ಬರೆಯುತ್ತಿದ್ದೇನೆ.

ಮೊದಲ ಕೆಲವು ವಾರ ಕಂಪ್ಯೂಟರಿನಲ್ಲಿ ಒಂದು ಗೆರೆ ಎಳೆಯಲೂ ಬಿಡಲಿಲ್ಲ. ನೋಟ್‌ಬುಕ್ಕು ಮತ್ತು ಟೇಪು ಹಿಡಿದು ಶಾಲೆಗೆ ಹೋಗಬೇಕು, ಮೂಲೆಯಲ್ಲಿ ಕುಳಿತು ನೋಡಬೇಕು, ಕಂಡದ್ದನ್ನು ಬರೆದುಕೊಳ್ಳಬೇಕು. ಇಲ್ಲಿನ ಪ್ರಾಥಮಿಕ ಶಾಲೆ ನಾಲ್ಕರಿಂದ ಹನ್ನೆರಡು ವರ್ಷದ ಮಕ್ಕಳದು. ಕಾರಿಡಾರಿನ ಉದ್ದಕ್ಕೂ ಕೊಕ್ಕೆಗಳ ಸಾಲಿರುತ್ತದೆ, ಪ್ರತಿ ಕೊಕ್ಕೆಯ ಮೇಲೂ ಒಂದು ಮಗುವಿನ ಹೆಸರು. ಮಳೆಯ ದಿನ (ಈ ದೇಶದಲ್ಲಿ ಅದು ಯಾವ ದಿನವೂ ಆಗಬಹುದು) ಅಲ್ಲಿ ಒದ್ದೆ ಜಾಕೆಟ್ಟುಗಳು ತೂಗಾಡುತ್ತ ನೆಲಕ್ಕೆ ನೀರಿಳಿಸುತ್ತವೆ. ಶಿಕ್ಷಕಿ ಪಾಠ ಹೇಳಿ ಮುಗಿಸಿದ ಮೇಲೆ ಸ್ವಂತವಾಗಿ ಅಭ್ಯಾಸ ಮಾಡುವ ಹೊತ್ತಿನಲ್ಲಿ ಒಬ್ಬಿಬ್ಬರು ಮಕ್ಕಳು ಪುಸ್ತಕ ಹಿಡಿದು ಹೊರಗೆ ಬಂದು, ಅದೇ ಜಾಕೆಟ್ಟುಗಳ ಕೆಳಗಿನ ಬೆಂಚಿನ ಮೇಲೆ ಕಾಲು ಮಡಚಿ ಕುಳಿತು ಲೆಕ್ಕ ಬಿಡಿಸುತ್ತಾರೆ. ಅವರನ್ನು ಯಾರೂ ಹೊರಗೆ ನಿಲ್ಲಿಸಿರುವುದಿಲ್ಲ. ನಮ್ಮಲ್ಲಿ ಕಾರಿಡಾರಿನಲ್ಲಿ ನಿಂತ ಹುಡುಗನನ್ನು ಕಂಡರೆ ಏನರ್ಥವೆಂದು ಎಲ್ಲರಿಗೂ ಗೊತ್ತು. ಇಲ್ಲಿ ಅದು ಕೇಳಿ ಪಡೆಯುವ ಸವಲತ್ತು.

ತರಗತಿಯೊಳಗೆ ನನ್ನ ಕಣ್ಣು ಹಿಡಿದು ನಿಲ್ಲಿಸಿದ್ದು ಪ್ರತಿ ಮಗುವಿನ ಮೇಜಿನ ಮೇಲಿದ್ದ ಒಂದು ಪುಟ್ಟ ದಾಳ. ಅದರ ಒಂದು ಮುಖ ಕೆಂಪು, ಒಂದು ಹಸಿರು, ಇನ್ನೊಂದರ ಮೇಲೆ ಪ್ರಶ್ನಾರ್ಥಕ ಚಿಹ್ನೆ. ಕೆಂಪು ಮೇಲಿದ್ದರೆ ನನ್ನನ್ನು ಮಾತಾಡಿಸಬೇಡಿ ಎಂದು. ಹಸಿರಿದ್ದರೆ ಕೇಳಿದವರಿಗೆ ಸಹಾಯ ಮಾಡುತ್ತೇನೆ ಎಂದು. ಚಿಹ್ನೆ ಮೇಲಿದ್ದರೆ ಶಿಕ್ಷಕಿಯನ್ನು ಕೇಳುವುದಿದೆ ಎಂದು. ಪ್ರಶ್ನೆ ಇರುವ ಮಗು ಕೈ ಎತ್ತಿಕೊಂಡು ಕಾಯುವುದಿಲ್ಲ. ದಾಳ ತಿರುಗಿಸಿಟ್ಟು ಮುಂದಿನ ಲೆಕ್ಕಕ್ಕೆ ಹೋಗುತ್ತದೆ, ಸುತ್ತು ಬರುವ ಶಿಕ್ಷಕಿ ಅದನ್ನು ನೋಡಿ ಪಕ್ಕದಲ್ಲಿ ನಿಲ್ಲುತ್ತಾರೆ. ಒಬ್ಬ ಹುಡುಗಿ ಕೆಂಪನ್ನು ಮೇಲಿಟ್ಟು, ಅದು ಸಾಲದೆಂಬಂತೆ ಪೆನ್ಸಿಲ್ ಡಬ್ಬಿಯನ್ನೂ ತನಗೂ ಪಕ್ಕದವನಿಗೂ ನಡುವೆ ನೆಟ್ಟಗೆ ನಿಲ್ಲಿಸಿಕೊಂಡಳು. ಆ ಡಬ್ಬಿಯ ಎತ್ತರ ಹತ್ತಿಪ್ಪತ್ತು ಸೆಂಟಿಮೀಟರ್ ಇದ್ದೀತು. ಪಕ್ಕದವನ ಮುಖ ಅವಳಿಗೆ ಕಾಣುತ್ತಲೇ ಇತ್ತು. ಆದರೂ ಅವಳಿಗೆ ಬೇಕಾದ ಗೋಡೆ ಅಷ್ಟೇ ಆಗಿತ್ತು. ನನ್ನ ನೋಟ್‌ಬುಕ್ಕಿನಲ್ಲಿ ಮಾರ್ಗದರ್ಶಕರು ಕೆಳಗೆ ಗೆರೆ ಹಾಕಿದ್ದು ಈ ಒಂದು ಸಾಲಿಗೆ ಮಾತ್ರ.

ಇದನ್ನು ಕಟ್ಟಡವಾಗಿ ನೋಡಬೇಕೆಂದರೆ ಡೆಲ್ಫ್ಟ್‌ಗೆ ಹೋಗಬೇಕು. ಹೇಗ್‌ನಿಂದ ಟ್ರಾಮಿನಲ್ಲೇ ಹೋಗಿ ಬರಬಹುದಾದ ಊರು ಅದು. ಅಲ್ಲಿನ ಮಾಂಟೆಸರಿ ಶಾಲೆಯನ್ನು ಡಚ್ ವಾಸ್ತುಶಿಲ್ಪಿ ಹರ್ಮನ್ ಹರ್ಟ್ಸ್‌ಬರ್ಗರ್ 1960ರಿಂದ 1966ರ ನಡುವೆ ರೂಪಿಸಿದರು. ಶುರುವಾದಾಗ ಅವರಿಗೆ ಮೂವತ್ತೂ ತುಂಬಿರಲಿಲ್ಲ. ತರಗತಿಗಳು ಚೌಕವಲ್ಲ, ಇಂಗ್ಲಿಷಿನ ಎಲ್ ಅಕ್ಷರದಂತೆ ಮುರಿದುಕೊಂಡಿವೆ. ಹಾಗಾಗಿ ಒಂದು ತೋಳಿನಲ್ಲಿ ಬಣ್ಣ, ಜೇಡಿಮಣ್ಣು ಹಿಡಿದು ಗದ್ದಲವೆಬ್ಬಿಸುವವರು ಇನ್ನೊಂದು ತೋಳಿನಲ್ಲಿ ಓದುವವರ ಕಣ್ಣಿಗೆ ಬೀಳುವುದಿಲ್ಲ. ಎಲ್ಲ ತರಗತಿಗಳ ಬಾಗಿಲೂ ತೆರೆಯುವುದು ನಡುವಿನ ಪಡಸಾಲೆಗೆ. ಆ ಪಡಸಾಲೆಯಲ್ಲಿ, ನಡೆದಾಡುವವರಿಗೆ ಅಡ್ಡವಾಯಿತೆಂದು ಯಾರಾದರೂ ಬೈಯುವಂಥ ಜಾಗದಲ್ಲಿಯೇ, ಇಟ್ಟಿಗೆಯ ಒಂದು ಚೌಕ ಜಗತಿ ಇದೆ. ನಮ್ಮೂರಿನ ಅರಳಿಕಟ್ಟೆಗೆ ಮರವೊಂದಿಲ್ಲ ಎಂದುಕೊಳ್ಳಿ, ಹಾಗೆ. ಮಕ್ಕಳು ಅದರ ಮೇಲೆ ಹತ್ತಿ ಕೂರುತ್ತಾರೆ, ಅಂಚಿಗೆ ಒರಗಿ ಓದುತ್ತಾರೆ, ಕೆಲಸದ ಸಾಮಾನು ಹರಡಿಕೊಳ್ಳುತ್ತಾರೆ. ಅದರೊಳಗಿನಿಂದ ಮರದ ಹಲಗೆಗಳನ್ನು ಹೊರಗೆಳೆದರೆ ಅದೇ ನಾಟಕದ ವೇದಿಕೆಯಾಗುತ್ತದೆ. ಪುಟ್ಟ ಮಕ್ಕಳ ಪಡಸಾಲೆಯಲ್ಲಿ ಇದರ ತಿರುವುಮುರುವು: ನೆಲದಲ್ಲಿ ಒಂದು ಚೌಕ ತಗ್ಗು, ಅದರ ತುಂಬ ಬಿಡಿಬಿಡಿಯಾದ ಮರದ ದಿಮ್ಮಿಗಳು. ದಿಮ್ಮಿಗಳನ್ನು ಎತ್ತಿ ಹೊರಗಿಟ್ಟರೆ ಅವೇ ಪೀಠಗಳು, ಸಾಲಾಗಿಟ್ಟರೆ ರೈಲು, ಒಂದರ ಮೇಲೊಂದಿಟ್ಟರೆ ಗೋಪುರ. ಖಾಲಿಯಾದ ತಗ್ಗಿನಲ್ಲಿ ಮಕ್ಕಳೇ ಇಳಿದು ಕೂರುತ್ತಾರೆ.

ಇದರಲ್ಲಿ ವಾಸ್ತುಶಿಲ್ಪಿ ಬಿಟ್ಟದ್ದು ಎಷ್ಟು ಮುಖ್ಯವೋ ಮಾಡಿದ್ದು ಅಷ್ಟೇ ನಿಖರ. ಬಳಸುವವರಿಗೆ ಬಿಡಬೇಕು ಎಂಬ ಮಾತನ್ನು ನೆಪ ಮಾಡಿಕೊಂಡು ಒಂದಿಷ್ಟು ಬೀನ್ ಬ್ಯಾಗುಗಳನ್ನು ಚೆಲ್ಲಿ ಅದನ್ನೇ ನಮ್ಯ ಕಲಿಕಾ ಸ್ಥಳವೆಂದು ಕರೆಯುವ ಯೋಜನೆಗಳು ನಮ್ಮ ತರಗತಿಯಲ್ಲೂ ಬಂದವು. ಅವುಗಳ ಬಗ್ಗೆ ನನಗೆ ಹೆಚ್ಚು ಗೌರವವಿಲ್ಲ. ದಿಮ್ಮಿಯ ತೂಕ ಮಗುವಿಗೆ ಎತ್ತಲು ಬರುವಷ್ಟಿರಬೇಕು, ಜಗತಿಯ ಎತ್ತರ ಹತ್ತಲು ಬರುವಷ್ಟಿರಬೇಕು. ಇವನ್ನು ಮಕ್ಕಳಿಗೆ ಬಿಡಲಾಗದು.

ನನ್ನ ಕಾರಿಡಾರಿನಲ್ಲಿ ಎದುರಾದ ತೊಡಕುಗಳೆಲ್ಲ ಇಂಥವೇ. ಬೆಂಕಿ ಬಿದ್ದರೆ ಓಡುವ ದಾರಿಯಾದ್ದರಿಂದ ಕಾರಿಡಾರಿನ ಅಗಲವನ್ನು ಎಲ್ಲಿಯೂ ಕಡಿಮೆ ಮಾಡುವಂತಿಲ್ಲ. ಆದ್ದರಿಂದ ತರಗತಿಯ ಗೋಡೆಯೊಳಕ್ಕೇ ಗೂಡುಗಳನ್ನು ಕೊರೆದು ಕೂರುವ ಜಾಗ ಮಾಡಿದೆ. ಜಾಕೆಟ್ಟುಗಳನ್ನು ಬಾಗಿಲಿರುವ ಕಪಾಟಿನೊಳಗೆ ಸೇರಿಸಿ ಗೋಡೆಯನ್ನು ನುಣುಪಾಗಿಸುವುದು ಎಲ್ಲರಿಗೂ ತೋಚುವ ಉಪಾಯ. ಧ್ವನಿಯ ಪಾಠ ಮಾಡುವ ಅಧ್ಯಾಪಕರು ಅದನ್ನು ತಡೆದರು: ಆ ಉದ್ದನೆಯ ಓಣಿಯಲ್ಲಿ ಸದ್ದನ್ನು ಹೀರುತ್ತಿರುವುದು ಆ ಜಾಕೆಟ್ಟುಗಳೇ, ಅವನ್ನು ಮುಚ್ಚಿದರೆ ಇಡೀ ಓಣಿ ಮೊಳಗುತ್ತದೆ. ತರಗತಿಯಲ್ಲಿ ಅನುರಣನ ಕಾಲ, ಅಂದರೆ ಎದ್ದ ಸದ್ದು ಅಡಗಲು ಹಿಡಿಯುವ ಹೊತ್ತು, 0.6 ಸೆಕೆಂಡಿನ ಆಸುಪಾಸಿನಲ್ಲಿರಬೇಕೆಂಬುದು ಹಲವು ದೇಶಗಳು ಒಪ್ಪಿರುವ ಗುರಿ. ಬೆಳಕಿಗೂ ಲೆಕ್ಕವಿದೆ: ಓದು ಬರಹದ ಕೆಲಸದ ಮೇಜಿನ ಮೇಲೆ ಯುರೋಪಿನ ಮಾನದಂಡ ಕೇಳುವುದು 500 ಲಕ್ಸ್ (ಮೇಲ್ಮೈಗೆ ಬೀಳುವ ಬೆಳಕಿನ ಅಳತೆ). ಗಾಳಿಗೆ ಇಲ್ಲಿನ ಶಾಲೆಗಳ ಮಾರ್ಗಸೂಚಿಯಲ್ಲಿ ಮೂರು ದರ್ಜೆಗಳಿವೆ. ಕೋಣೆಯ ಇಂಗಾಲದ ಡೈಆಕ್ಸೈಡು 1200 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಇಷ್ಟು ಭಾಗ) ದಾಟದಿದ್ದರೆ ಕನಿಷ್ಠ ದರ್ಜೆ, 950 ಆದರೆ ಮಧ್ಯಮ, 800 ಆದರೆ ಉತ್ತಮ. ಗೂಡಿನ ಹಿಂಬದಿಗೆ ಉಣ್ಣೆಯ ಫೆಲ್ಟ್ ಹಾಸಿ, ಜಾಕೆಟ್ಟುಗಳನ್ನು ತೆರೆದೇ ಇಟ್ಟು, ಕೆಳಗೆ ನೀರಿಳಿಯಲು ಜಾಲರಿಯ ತಟ್ಟೆ ಕೊಟ್ಟೆ.

ಇಷ್ಟಾದ ಮೇಲೆ ರಟ್ಟಿನಲ್ಲಿ ಪೂರ್ಣ ಗಾತ್ರದ ಗೂಡೊಂದನ್ನು ಸ್ಟುಡಿಯೊದಲ್ಲೇ ಕಟ್ಟಿ, ನೆಲಕ್ಕೆ ಟೇಪು ಅಂಟಿಸಿ ಕಾರಿಡಾರಿನ ಅಗಲ ಗುರುತಿಸಿ, ಫೋನಿನ ಕ್ಯಾಮೆರಾವನ್ನು ಆರು ವರ್ಷದ ಮಗುವಿನ ಕಣ್ಣಿನ ಎತ್ತರಕ್ಕೆ, ಸುಮಾರು 1.1 ಮೀಟರಿಗೆ, ಹಿಡಿದು ಚಿತ್ರ ತೆಗೆಯಬೇಕಿತ್ತು. ನಮ್ಮ ಯೋಜನೆಗಳನ್ನು ಪರಿಶೀಲಿಸುವ ತೀರ್ಪುಗಾರರು ನೋಡಿದ್ದು ಆ ಚಿತ್ರಗಳನ್ನು. ರಾತ್ರಿಯಿಡೀ ಕಂಪ್ಯೂಟರ್ ಓಡಿಸಿ ತಯಾರಿಸಿದ, ಹೊಳೆಯುವ ನೆಲದ ರೆಂಡರ್‌ಗಳ, ಅಂದರೆ ಫೋಟೊದಂತೆ ಕಾಣುವ ಕಂಪ್ಯೂಟರ್ ಚಿತ್ರಗಳ, ಮುಂದೆ ಅವರು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮಾತಿನಲ್ಲಿಯೂ ದಾಕ್ಷಿಣ್ಯವಿಲ್ಲ; ಸರಿ ಕಾಣದ್ದನ್ನು ಸರಿಯಿಲ್ಲವೆಂದೇ ಹೇಳುತ್ತಾರೆ, ಸಂಜೆ ಅದೇ ವಿದ್ಯಾರ್ಥಿಯೊಂದಿಗೆ ಕಾಫಿ ಕುಡಿಯುತ್ತಾರೆ.

ಕಚೇರಿಯ ಯೋಜನೆಗೆ ಬಂದರೆ, ಅದರ ಹಿಂದೆ ಈ ದೇಶದ ದೊಡ್ಡ ಇತಿಹಾಸವೇ ಇದೆ. ಅದೇ ಹರ್ಟ್ಸ್‌ಬರ್ಗರ್ ಆಪಲ್ಡೋರ್ನ್ ಊರಿನಲ್ಲಿ ಸೆಂಟ್ರಾಲ್ ಬೇಹೇರ್ ಎಂಬ ವಿಮಾ ಕಂಪನಿಗೆ ಸುಮಾರು ಸಾವಿರ ಜನರ ಕಚೇರಿಯನ್ನು ಕಟ್ಟಿದರು. ಅದು 1972ರಲ್ಲಿ ಮುಗಿಯಿತು. ಒಂಬತ್ತು ಮೀಟರ್ ಚೌಕದ ಅಂಕಣಗಳು, ಬಣ್ಣ ಬಳಿಯದ ಬೂದು ಕಾಂಕ್ರೀಟ್ ಬ್ಲಾಕುಗಳು, ನಡುನಡುವೆ ಮೇಲಿನಿಂದ ಬೆಳಕಿಳಿಯುವ ಕಂದರಗಳು. ಗೋಡೆ ಬೋಳಾಗಿದ್ದುದೇ ಉದ್ದೇಶಪೂರ್ವಕ. ಕೆಲಸಗಾರರು ಮನೆಯಿಂದ ಗಿಡ, ಪಟ, ದೀಪ ತಂದು ತಮ್ಮ ಮೂಲೆಯನ್ನು ತಾವೇ ಮುಗಿಸಿಕೊಂಡರು. 1990ರ ದಶಕದಲ್ಲಿ ಗಾಳಿ ತಿರುಗಿತು. ಟಿಲ್‌ಬರ್ಗ್‌ನ ಇಂಟರ್‌ಪೊಲಿಸ್ ಎಂಬ ಇನ್ನೊಂದು ವಿಮಾ ಕಂಪನಿ ಸ್ವಂತ ಮೇಜನ್ನೇ ತೆಗೆದುಹಾಕಿ, ಆಯಾ ಹೊತ್ತಿನ ಕೆಲಸಕ್ಕೆ ಒಪ್ಪುವ ಜಾಗದಲ್ಲಿ ಕೂರುವ ಪದ್ಧತಿಗೆ ಹೆಸರಾಯಿತು. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಈಗ ಕಾಣುವ ಹಾಟ್ ಡೆಸ್ಕ್ ಅದರದೇ ಬಳಗದ್ದು. ಆಪಲ್ಡೋರ್ನ್‌ನ ಕಟ್ಟಡವನ್ನು ಕಂಪನಿ ಬಿಟ್ಟು ಬಹಳ ಕಾಲವಾಯಿತು. ಗಿಡ ತರಲು ಬಿಟ್ಟ ಕಚೇರಿ ಖಾಲಿಯಾಯಿತು, ಮೇಜನ್ನೂ ಕೊಡದ ಪದ್ಧತಿ ಲೋಕವೆಲ್ಲ ಹಬ್ಬಿತು. ಇದಕ್ಕೆ ವಿನ್ಯಾಸಕ್ಕಿಂತ ಬಾಡಿಗೆಯ ಲೆಕ್ಕವೇ ಹೆಚ್ಚು ಕಾರಣವೆಂದು ನನ್ನ ಎಣಿಕೆ.

ನಮ್ಮ ನಲವತ್ತು ಜನರ ಕಚೇರಿಯಲ್ಲಿ ಮೊದಲು ಬಿಡಿಸಿದ್ದು ಪ್ಲಾನನ್ನಲ್ಲ, ವಾರವನ್ನು. ಇಲ್ಲಿ ವಾರಕ್ಕೆ ಮೂರು ನಾಲ್ಕು ದಿನ ದುಡಿಯುವವರು ಬಹಳ. ಮನೆಯಿಂದ ಕೆಲಸ ಮಾಡುವ ರೂಢಿ ಬಂದ ಮೇಲಂತೂ ಎಲ್ಲರೂ ಕಚೇರಿಗೆ ಬರುವುದು ಮಂಗಳವಾರ ಮತ್ತು ಗುರುವಾರ. ಆ ದಿನ ರೈಲಿನಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಬುಧವಾರ ಹಲವು ಪ್ರಾಥಮಿಕ ಶಾಲೆಗಳು ಮಧ್ಯಾಹ್ನಕ್ಕೇ ಬಿಡುವುದರಿಂದ ಅಪ್ಪ ಅಮ್ಮಂದಿರು ಮನೆಯಲ್ಲಿರುತ್ತಾರೆ, ಶುಕ್ರವಾರ ಕಚೇರಿ ಬಿಕೋ ಎನ್ನುತ್ತದೆ. ಹೀಗೆ ಶಾಲೆಯ ಗಂಟೆ ಕಚೇರಿಯ ಮೇಜುಗಳ ಸಂಖ್ಯೆಯನ್ನು ನಿರ್ಧರಿಸುತ್ತದೆ ಎಂಬುದು ಎರಡು ಯೋಜನೆಗಳನ್ನು ಅಕ್ಕಪಕ್ಕ ಇಟ್ಟುಕೊಂಡಿದ್ದರಿಂದ ತಿಳಿಯಿತು. ಮಂಗಳವಾರದ ಸಂತೆಗೂ ಶುಕ್ರವಾರದ ಮೌನಕ್ಕೂ ಒಂದೇ ಮಹಡಿ ಒಗ್ಗಬೇಕಾದ್ದರಿಂದ ನಮ್ಮ ಗುಂಪು ಕಿಟಕಿಯ ಪಕ್ಕದ ಕಾಲು ಭಾಗವನ್ನು ಬೇಕಾದಾಗ ಮುಚ್ಚಿಬಿಡುವ ದಪ್ಪ ಪರದೆಗಳನ್ನು ಸೂಚಿಸಿತು. ಪ್ರತಿಯೊಬ್ಬರಿಗೂ ಸ್ವಂತ ಮೇಜಿಲ್ಲದಿದ್ದರೂ ಸ್ವಂತ ಕಪಾಟು, ಅದರ ಮೇಲೆ ಗಿಡವೋ ಪಟವೋ ಇಡುವಷ್ಟು ಅಂಚು ಇರಲೇಬೇಕೆಂದು ನಾನು ಹಟ ಹಿಡಿದೆ, ಅದು ಉಳಿಯಿತು.

ಎರಡೂ ಯೋಜನೆಗಳಲ್ಲಿ ತಪ್ಪದೆ ಬಂದ ಇನ್ನೊಂದು ಪ್ರಶ್ನೆ: ಇದು ಅಂಟೋ, ತಿರುಪೋ? ಡಚ್ ಸರ್ಕಾರ 2050ರ ಹೊತ್ತಿಗೆ ವಸ್ತುಗಳೆಲ್ಲ ಮರುಬಳಕೆಯ ಚಕ್ರದಲ್ಲೇ ಸುತ್ತುವ ಆರ್ಥಿಕತೆಯನ್ನು ಗುರಿಯಾಗಿ ಇಟ್ಟುಕೊಂಡಿದೆ. ಹಾಗಾಗಿ ಪ್ಲೈವುಡ್ಡಿಗೆ ಲ್ಯಾಮಿನೇಟ್ ಅಂಟಿಸಿದ ಮೇಜನ್ನು ಸ್ಟುಡಿಯೊದಲ್ಲಿ ಸಮರ್ಥಿಸಿಕೊಳ್ಳುವುದು ಕಷ್ಟ. ತಿರುಪು ಬಿಚ್ಚಿ ಹಲಗೆಯನ್ನು ಹಾಗೆಯೇ ಇನ್ನೊಂದು ಕಡೆ ಬಳಸಬಹುದೆಂದು ಡ್ರಾಯಿಂಗಿನಲ್ಲಿ ತೋರಿಸಬೇಕು.

ಬರಬೇಕೆಂದಿರುವವರು ತಿಳಿದಿರಬೇಕಾದ ಒಂದು ವಿಷಯ. ಇಲ್ಲಿ ಒಳಾಂಗಣ ವಾಸ್ತುಶಿಲ್ಪಿ ಎಂಬ ಬಿರುದಿಗೆ ಕಾನೂನಿನ ರಕ್ಷಣೆಯಿದೆ. ಮಾನ್ಯತೆಯಿರುವ ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷದ ವೃತ್ತಿ ಅನುಭವ ಪೂರೈಸಿ, ಹೇಗ್‌ನಲ್ಲಿರುವ ವಾಸ್ತುಶಿಲ್ಪಿಗಳ ನೋಂದಣಿ ಕಚೇರಿಯಲ್ಲಿ ಹೆಸರು ಬರೆಸಿದವರು ಮಾತ್ರ ಹಾಗೆ ಕರೆದುಕೊಳ್ಳಬಹುದು. ಭಾರತದಲ್ಲಿ 1972ರ ವಾಸ್ತುಶಿಲ್ಪಿಗಳ ಕಾಯ್ದೆ ಕಾಪಾಡುವುದು ವಾಸ್ತುಶಿಲ್ಪಿ ಎಂಬ ಬಿರುದನ್ನಷ್ಟೇ. ಇಂಟೀರಿಯರ್ ಡಿಸೈನರ್ ಎಂಬ ಫಲಕವನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು.

ಪೂರ್ವನಿದರ್ಶನಗಳನ್ನು, ಅಂದರೆ ನಮ್ಮ ಯೋಜನೆಗೆ ಮಾದರಿಯಾಗಬಲ್ಲ ಹಿಂದಿನ ಉದಾಹರಣೆಗಳನ್ನು, ಮಂಡಿಸುವ ದಿನ ಎಲ್ಲರೂ ಯುರೋಪಿನ ಶಾಲೆಗಳನ್ನು ತಂದಿದ್ದರು. ನಾನು ನಲಿ-ಕಲಿಯನ್ನು ತೋರಿಸಿದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿದ ಪದ್ಧತಿ: ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ನೆಲದ ಮೇಲೆ ಕುಳಿತು, ಕಲಿಕೆಯ ಏಣಿಯಲ್ಲಿ ತಮ್ಮ ತಮ್ಮ ಮೆಟ್ಟಿಲಿಗೆ ತಕ್ಕ ಕಾರ್ಡು ತೆಗೆದುಕೊಂಡು ಕಲಿಯುತ್ತಾರೆ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆಟುಕುವ ಕಪ್ಪು ಹಲಗೆ, ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಅದರಿಂದ ಇಳಿಬಿದ್ದ ಮಕ್ಕಳ ಚಿತ್ರಗಳು. ಮಾರ್ಗದರ್ಶಕರು ಚಪ್ಪರದ ಚಿತ್ರವನ್ನು ದೊಡ್ಡದು ಮಾಡಿಸಿ ನೋಡಿ, ಅದಕ್ಕೆ ತಗುಲುವ ಖರ್ಚನ್ನು ಕೇಳಿದರು, ಆಮೇಲೆ ಕಾಗದಗಳು ಅಷ್ಟು ಒತ್ತಾಗಿ ತೂಗುವಾಗ ಕೋಣೆಯ ಸದ್ದು ಎಷ್ಟು ಇಳಿಯುತ್ತದೆಂದು ಯಾರಾದರೂ ಅಳೆದಿದ್ದಾರೆಯೇ ಎಂದು ಕೇಳಿದರು.

ಪದವಿಯ ಕೊನೆಯ ಯೋಜನೆಗೆ ನಾನು ಆ ಪ್ರಶ್ನೆಯನ್ನೇ ಆರಿಸಿಕೊಂಡಿದ್ದೇನೆ. ಇದನ್ನು ಓದುತ್ತಿರುವವರಲ್ಲಿ ನಲಿ-ಕಲಿ ತರಗತಿಯ ಶಿಕ್ಷಕರಿದ್ದರೆ, ನಿಮ್ಮ ಕೋಣೆಯ ಉದ್ದ ಅಗಲ ಎತ್ತರ, ಛಾವಣಿ ಹೆಂಚಿನದೋ ಆರ್‌ಸಿಸಿಯೋ ಶೀಟಿನದೋ ಎಂಬುದು, ಕೆಳಗಿನ ಹಲಗೆ ನೆಲದಿಂದ ಎಷ್ಟು ಮೇಲಿದೆ ಎಂಬುದು, ಚಪ್ಪರವನ್ನು ಯಾವ ಎತ್ತರಕ್ಕೆ ಕಟ್ಟಿದ್ದೀರಿ ಎಂಬುದು, ಇಷ್ಟನ್ನು ತಿಳಿಸಿದರೆ ದೊಡ್ಡ ಉಪಕಾರವಾಗುತ್ತದೆ. ಮಕ್ಕಳ ಮುಖ ಕಾಣುವ ಚಿತ್ರಗಳು ಬೇಡ. ಶಾಲೆ ಬಿಟ್ಟ ಮೇಲಿನ ಖಾಲಿ ಕೋಣೆಯ ಚಿತ್ರ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ತೆಗೆದದ್ದಾದರೆ ಸಾಕು.