ಚಾರ್ಟ್ ಕಾಗದ ಉಳಿಸಿದ ಕಥೆ

ಬೀದಿ ದೀಪದ ಬಲ್ಬಿನ ಹೊರಗಾಜನ್ನು ಒಡೆಯುವುದರಲ್ಲಿ ನನಗೆ ಒಳ್ಳೆಯ ಕೈಗುಣವಿತ್ತು. 125 ವಾಟಿನ ಪಾದರಸದ ದೀಪವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಕುತ್ತಿಗೆಯ ಹತ್ತಿರ ಸಣ್ಣ ಸುತ್ತಿಗೆಯಿಂದ ತಟ್ಟಬೇಕು. ಗಾಜು ಚೂರಾಗಬೇಕು, ಒಳಗಿರುವ ಬೆರಳುದ್ದದ ಕ್ವಾರ್ಟ್ಜ್ ಕೊಳವೆಗೆ ಪೆಟ್ಟು ಬೀಳಬಾರದು. ಹೊರಗಿನ ಗಾಜು ಇರುವುದೇ ದಾರಿಹೋಕರಿಗೆ ನೇರಳಾತೀತ ಕಿರಣ ತಾಕದಿರಲಿ ಎಂದು. ನಮಗೆ ಬೇಕಾಗಿದ್ದುದು ಆ ಕಿರಣವೇ. ಹೊರದೇಶದ ಕ್ಸೆನಾನ್ ದೀಪ ತರಿಸಲು ನಮ್ಮ ವಿಭಾಗದ ವರ್ಷದ ಅನುದಾನವೂ ಸಾಲುತ್ತಿರಲಿಲ್ಲ. ಎಲೆಕ್ಟ್ರಿಕ್ ಅಂಗಡಿಯವರು ಮೊದಲ ಸಲ, "ಕಾಲೇಜಿನ ಅಂಗಳಕ್ಕೆ ಏನ್ರೀ ಮೇಡಂ?" ಎಂದು ಕೇಳಿದರು. "ಒಡೆಯುವುದಕ್ಕೆ" ಎಂದೆ. ಆಮೇಲೆ ಅವರು ಏನನ್ನೂ ಕೇಳಲಿಲ್ಲ.

ಆ ದೀಪಕ್ಕೆ ಇನ್ನೊಂದು ಗುಣವಿತ್ತು. ಕರೆಂಟು ಒಂದು ಕ್ಷಣ ಹೋಗಿ ಬಂದರೂ ಅದು ಕೂಡಲೇ ಹೊತ್ತಿಕೊಳ್ಳುವುದಿಲ್ಲ. ಒಳಗಿನ ಪಾದರಸದ ಆವಿ ತಣಿಯುವವರೆಗೆ ಕಾಯಬೇಕು. ಉತ್ತರ ಕರ್ನಾಟಕದ ಬೇಸಿಗೆಯಲ್ಲಿ ನನ್ನ ಸಂಶೋಧನೆಯ ದೊಡ್ಡ ಪಾಲು ಈ ಕಾಯುವಿಕೆಯಲ್ಲೇ ಕಳೆದಿದೆ.

ನಾನು 1986ರಿಂದ 2020ರವರೆಗೆ ರಸಾಯನಶಾಸ್ತ್ರ ಕಲಿಸಿದೆ. ಸಂಶೋಧನೆಯ ವಿಷಯ ಕೃತಕ ದ್ಯುತಿಸಂಶ್ಲೇಷಣೆ. ಅವ್ವನಿಗೆ ಇದನ್ನು ವಿವರಿಸಿದಾಗ, "ಪ್ಲಾಸ್ಟಿಕ್ ಎಲೆ ಮಾಡುತ್ತೀಯೇನು?" ಎಂದು ಕೇಳಿದ್ದಳು. ಬಿಸಿಲಿನಿಂದ ನೀರನ್ನು ಒಡೆದು ಜಲಜನಕ ತೆಗೆಯುತ್ತೇವೆ, ಅದನ್ನು ಉರುವಲು ಮಾಡಬಹುದು ಎಂದೆ. "ಹಾಗಾದರೆ ಮೊದಲು ನಮ್ಮ ಮನೆಯ ಒಲೆಗೆ ತಂದುಕೊಡು" ಎಂದಳು. ಅವ್ವ ತೀರಿಕೊಂಡು ಬಹಳ ವರ್ಷಗಳಾದವು. ಒಲೆಗೆ ಇನ್ನೂ ಬಂದಿಲ್ಲ.

ಈ ಹುಚ್ಚು ಹಿಡಿಸಿದ್ದು ಎರಡೇ ಪುಟಗಳ ಒಂದು ಲೇಖನ. 1972ರಲ್ಲಿ ಜಪಾನಿನ ಅಕಿರಾ ಫುಜಿಶಿಮಾ ಮತ್ತು ಕೆನಿಚಿ ಹೋಂಡಾ 'ನೇಚರ್' ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದ್ದರು. ಟೈಟಾನಿಯಂ ಡೈಆಕ್ಸೈಡಿನ ಹರಳೊಂದನ್ನು ನೀರಿನಲ್ಲಿಟ್ಟು ಬೆಳಕು ಬಿಟ್ಟಾಗ ಅದರ ಮೇಲೆ ಆಮ್ಲಜನಕ, ತಂತಿಯಿಂದ ಜೋಡಿಸಿದ ಪ್ಲಾಟಿನಂ ಮೇಲೆ ಜಲಜನಕ. ಮರುವರ್ಷವೇ ಅರಬ್ ದೇಶಗಳು ತೈಲ ನಿಲ್ಲಿಸಿದವು, ಜಗತ್ತಿನ ಪ್ರಯೋಗಾಲಯಗಳೆಲ್ಲ ಈ ಹರಳಿನ ಹಿಂದೆ ಬಿದ್ದವು. ನಾನು ಅದನ್ನು ಓದಿದ್ದು ಎಂಟೊಂಬತ್ತು ವರ್ಷ ತಡವಾಗಿ, ಗ್ರಂಥಾಲಯದ ಬೈಂಡು ಮಾಡಿದ ಸಂಪುಟದಲ್ಲಿ. ಅಷ್ಟೊತ್ತಿಗೆ ಅದರ ಕೊರತೆಯೂ ಎಲ್ಲರಿಗೂ ತಿಳಿದಿತ್ತು. ಗೋಡೆಗೆ ಬಳಿಯುವ ಬಿಳಿ ಬಣ್ಣದಲ್ಲಿರುವುದು ಇದೇ ಪುಡಿ. ಬೆಳ್ಳಗಿದೆ ಎಂದರೆ ಕಣ್ಣಿಗೆ ಕಾಣುವ ಬೆಳಕನ್ನೆಲ್ಲ ಹಿಂದಕ್ಕೆ ಅಟ್ಟುತ್ತದೆ ಎಂದೇ ಅರ್ಥ. ಅದು ನುಂಗುವುದು ನೇರಳಾತೀತವನ್ನು ಮಾತ್ರ. ಬಿಸಿಲಿನಲ್ಲಿ ಅದರ ಪಾಲು ನೂರಕ್ಕೆ ನಾಲ್ಕೈದು. ಊಟಕ್ಕೆ ಕರೆದರೆ ಉಪ್ಪಿನಕಾಯಿ ಮಾತ್ರ ತಿಂದು ಏಳುವ ಅತಿಥಿ.

ಆದ್ದರಿಂದ ನಮ್ಮ ಪೀಳಿಗೆಯವರ ಕೆಲಸವೆಲ್ಲ ಈ ಬಿಳಿ ಪುಡಿಗೆ ಬಣ್ಣ ಬರಿಸುವುದಾಗಿತ್ತು. ಕಬ್ಬಿಣ ಸೇರಿಸು, ಕ್ರೋಮಿಯಂ ಸೇರಿಸು, ಸುಡು, ಅರೆ, ಮತ್ತೆ ಸುಡು.

1997ರಲ್ಲಿ ನನ್ನ ಬಳಿ ಒಬ್ಬ ಹುಡುಗ ಪಿಎಚ್‌ಡಿಗೆ ಸೇರಿದ್ದ. ರಬಕವಿ ಕಡೆಯ ನೇಕಾರರ ಮನೆಯವನು. ತಂದೆ ನೂಲಿಗೆ ಬಣ್ಣ ಹಾಕುತ್ತಿದ್ದರು. ಕಬ್ಬಿಣ ಸೇರಿಸಿ ಅವನು ಮಾಡಿದ ಪುಡಿ ತಿಳಿ ಕಂದು, ಚಹಾಕ್ಕೆ ಹಾಲು ಹೆಚ್ಚಾದಂಥ ಬಣ್ಣ. ದೀಪಕ್ಕೂ ಪಾತ್ರೆಗೂ ನಡುವೆ ಸೋಡಿಯಂ ನೈಟ್ರೈಟ್ ದ್ರಾವಣ ಇಟ್ಟು ನೇರಳಾತೀತವನ್ನು ತಡೆದೆವು. ನೀರಿಗೆ ಸಿಲ್ವರ್ ನೈಟ್ರೇಟ್ ಹಾಕಿದ್ದೆವು. ಬೆಳ್ಳಿ ಎಲೆಕ್ಟ್ರಾನ್‌ಗಳನ್ನು ಹಿಡಿದುಕೊಂಡರೆ ಆಮ್ಲಜನಕ ಮಾತ್ರ ಬರಬೇಕು. ಆರ್ಗಾನ್ ಹಾಯಿಸಿ ಗಾಳಿಯನ್ನು ಹೊರದೂಡಿ, ಸೆಪ್ಟಂ ಎಂಬ ರಬ್ಬರಿನ ಬಿರಡೆ ಹಾಕಿ ಮುಚ್ಚಿದೆವು. ಅರ್ಧ ಗಂಟೆಗೊಮ್ಮೆ ಸೆಪ್ಟಂಗೆ ಸಿರಿಂಜಿನ ಸೂಜಿ ಚುಚ್ಚಿ ಅನಿಲ ತೆಗೆದು, ಅನಿಲಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಯಂತ್ರಕ್ಕೆ ಹಾಕುವುದು. ಆಮ್ಲಜನಕ ಹೊರಬಂದರೆ ಚಾರ್ಟ್ ಕಾಗದದ ಮೇಲೆ ಪೆನ್ನು ಒಂದು ಗುಡ್ಡ ಬರೆಯುತ್ತದೆ.

ಗುಡ್ಡ ಬಂತು. ಅರ್ಧ ಗಂಟೆಗೆ ಸಣ್ಣದು, ಒಂದು ಗಂಟೆಗೆ ದೊಡ್ಡದು, ಸಂಜೆಯ ಹೊತ್ತಿಗೆ ಕಾಗದದ ಅಂಚು ಮುಟ್ಟುವಷ್ಟು. ಹುಡುಗ ಓಡಿಹೋಗಿ ಅರ್ಧ ಕಿಲೋ ಪೇಢೆ ತಂದ. ವಿಭಾಗದವರೆಲ್ಲ ತಿಂದೆವು. ವಾರದೊಳಗೆ ನಾನು ಲೇಖನ ಬರೆದು ಅಂಚೆಗೆ ಹಾಕಿಯೂ ಬಿಟ್ಟೆ.

ಆಮೇಲೊಂದು ಭಾನುವಾರ ಆ ಚಾರ್ಟುಗಳನ್ನು ಮನೆಯಲ್ಲಿ ನೆಲದ ಮೇಲೆ ಹಾಸಿಕೊಂಡು ಕುಳಿತಿದ್ದೆ. ಎಲ್ಲ ಚಾರ್ಟುಗಳೂ ಆಮ್ಲಜನಕದ ಗುಡ್ಡ ಇಳಿದ ಕೂಡಲೇ ನಿಂತಿದ್ದವು. ಅವನು ಅಲ್ಲಿಗೇ ರೆಕಾರ್ಡರ್ ಆರಿಸುತ್ತಿದ್ದ. ಏಕೆ? ಚಾರ್ಟ್ ಕಾಗದದ ಸುರುಳಿ ಸಿಗುವುದು ಕಷ್ಟ, ಹಾಳು ಮಾಡಬೇಡಿ ಎಂದು ವಿದ್ಯಾರ್ಥಿಗಳಿಗೆಲ್ಲ ಕಟ್ಟಪ್ಪಣೆ ಮಾಡಿದವಳು ನಾನೇ. ಆಮ್ಲಜನಕದ ನಂತರ ಹೊರಬರುವುದು ಸಾರಜನಕ. ನಮ್ಮ ಪಾತ್ರೆಯಲ್ಲಿ ಸಾರಜನಕ ಇರಲು ಕಾರಣವೇ ಇಲ್ಲ. ಅದು ಇದ್ದರೆ ಹೊರಗಿನ ಗಾಳಿಯಿಂದ ಬಂದಿರಬೇಕು.

ಸೋಮವಾರ ಹೇಳಿದೆ: "ಇವತ್ತು ಇನ್ನು ಐದು ನಿಮಿಷ ಓಡಿಸು." ಪೆನ್ನು ಆಮ್ಲಜನಕದ ಗುಡ್ಡ ಬರೆದು ಇಳಿಯಿತು, ಸ್ವಲ್ಪ ಹೊತ್ತು ನೆಟ್ಟಗೆ ಹೋಯಿತು, ಮತ್ತೆ ಏರತೊಡಗಿತು. ಏರಿತು, ಏರಿತು, ಕಾಗದ ಬಿಟ್ಟು ಹೊರಗೆ ಹೋಗಿ ಟಕ್ ಎಂದು ತಡೆಗೆ ಬಡಿಯಿತು. ಅಳತೆ ತಗ್ಗಿಸಿ ಮತ್ತೆ ಓಡಿಸಿ ಲೆಕ್ಕ ಹಾಕಿದರೆ ಆಮ್ಲಜನಕ ಒಂದಕ್ಕೆ ಸಾರಜನಕ ನಾಲ್ಕರ ಹತ್ತಿರ. ಕಿಟಕಿಯಾಚೆಯ ಗಾಳಿಯದೂ ಅದೇ ಲೆಕ್ಕ. ಚುಚ್ಚಿ ಚುಚ್ಚಿ ಜರಡಿಯಾಗಿದ್ದ ಸೆಪ್ಟಂ ಗಂಟೆಗಂಟೆಗೂ ಸ್ವಲ್ಪ ಸ್ವಲ್ಪ ಗಾಳಿಯನ್ನು ಒಳಗೆ ಬಿಡುತ್ತಿತ್ತು. ದೀಪ ಆರಿಸಿ, ಕತ್ತಲಲ್ಲಿಟ್ಟು ನೋಡಿದರೂ ಅಷ್ಟೇ ಆಮ್ಲಜನಕ. ಹುಡುಗ, "ಪೇಢೆ ವಾಪಸು ತೆಗೆದುಕೊಳ್ಳುವುದಿಲ್ಲ ಅಲ್ಲವೇ ಮೇಡಂ" ಎಂದ. ಇಬ್ಬರಿಗೂ ನಗು ಬರಲಿಲ್ಲ. ಲೇಖನ ಹಿಂತೆಗೆದುಕೊಳ್ಳುತ್ತೇನೆ ಎಂದು ಅಂದೇ ಪತ್ರ ಬರೆದೆ. ಬಡ್ತಿಯ ಅರ್ಜಿಯಲ್ಲಿ ಒಂದು ಸಾಲು ಹೊಡೆದುಹಾಕಬೇಕಾಯಿತು, ಮನೆಯಲ್ಲಿ ಎರಡು ದಿನ ಯಾರೊಂದಿಗೂ ಸರಿಯಾಗಿ ಮಾತನಾಡಲಿಲ್ಲ.

ಆ ಪುಡಿಯಿಂದ ಮುಂದೆಯೂ ಏನೂ ಬರಲಿಲ್ಲ. ಅನುದಾನ ಕೊಡುವವರು ನೀರು ಒಡೆಯುವ ಮಾತಿಗೆ ಕಿವಿಗೊಡುವುದನ್ನೂ ಬಿಟ್ಟಿದ್ದರು. ಆಗ ಹುಡುಗನೇ, ತನ್ನ ಊರಿನ ಬಣ್ಣದ ಚರಂಡಿ ನೀರನ್ನು ಇದೇ ಪುಡಿಯಿಂದ ತಿಳಿ ಮಾಡಬಹುದಲ್ಲ ಎಂದ. ಮಾಡಿದೆವು. ಹನ್ನೆರಡು ವರ್ಷ ಅದನ್ನೇ ಮಾಡಿದೆ, ನನ್ನ ಹೆಸರಿನ ಲೇಖನಗಳಲ್ಲಿ ಮುಕ್ಕಾಲು ಪಾಲು ಅವೇ. ಪ್ರಯೋಗಾಲಯದ ಮೆಥಿಲೀನ್ ಬ್ಲೂ ಬಣ್ಣ ಮಾಸಿತು ಎಂದು ಬರೆಯುವುದು ಸುಲಭ. ಆ ಬಣ್ಣ ತಾನೇ ಬೆಳಕು ಹೀರಿಕೊಳ್ಳುತ್ತದೆ, ಪುಡಿಯ ಗುಣ ಯಾವುದು, ಬಣ್ಣದ ಗುಣ ಯಾವುದು ಎಂದು ಬಿಡಿಸುವುದು ಕಷ್ಟ ಎಂಬುದು ನನಗೆ ಆಗಲೂ ಗೊತ್ತಿತ್ತು. ನಿಜವಾದ ಚರಂಡಿ ನೀರು ತಂದಾಗಲಂತೂ ಪುಡಿ ಅರ್ಧ ದಿನದಲ್ಲಿ ಸುಸ್ತಾಗುತ್ತಿತ್ತು. ಹುಡುಗನ ಊರಿನ ಚರಂಡಿಗೆ ನಮ್ಮಿಂದ ಏನೂ ಆಗಲಿಲ್ಲ.

ಎಲೆಯ ಬಗ್ಗೆ ಒಂದು ಮಾತು. ಎಲೆಯೊಳಗೆ ನೀರನ್ನು ಒಡೆಯುವುದು ನಾಲ್ಕು ಮ್ಯಾಂಗನೀಸ್, ಒಂದು ಕ್ಯಾಲ್ಸಿಯಂ ಪರಮಾಣುಗಳ ಪುಟ್ಟ ಗಂಟು. ಅದರ ಆಕಾರ ತಿಳಿಯದೆ ಬೋರ್ಡಿನ ಮೇಲೆ ಆ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಪಾಠ ಮಾಡುತ್ತಿದ್ದೆ. 2011ರಲ್ಲಿ ಜಪಾನಿನ ಶೆನ್ ಮತ್ತು ಕಮಿಯಾ ಅವರ ತಂಡ ಆ ಗಂಟನ್ನು 1.9 ಆಂಗ್‌ಸ್ಟ್ರಾಂ, ಎಂದರೆ ಪರಮಾಣುಗಳ ಜಾಗ ತಿಳಿಯುವಷ್ಟು, ಸ್ಪಷ್ಟತೆಯಲ್ಲಿ ತೋರಿಸಿತು. ಮುಂದಿನ ತರಗತಿಯಲ್ಲಿ ಆ ಚಿಹ್ನೆಯನ್ನು ಡಸ್ಟರಿನಿಂದ ಒರೆಸಿದೆ. ಮಕ್ಕಳಿಗೆ ಅದು ಮತ್ತೊಂದು ಚಿತ್ರವಷ್ಟೇ. ಆದರೆ ನನಗೆ ಎಲೆಯ ಮೇಲೆ ಹೊಟ್ಟೆಕಿಚ್ಚಿರುವುದು ಈ ಗಂಟಿನ ಕಾರಣಕ್ಕಲ್ಲ. ಅದನ್ನು ಹಿಡಿದಿರುವ ಡಿ1 ಎಂಬ ಪ್ರೋಟೀನು ಬಿರುಬಿಸಿಲಿನಲ್ಲಿ ಒಂದು ಗಂಟೆಯೊಳಗೇ ಕೆಡುತ್ತದೆ, ಎಲೆ ಅದನ್ನು ಕಿತ್ತು ಹೊಸದು ಹಾಕಿಕೊಳ್ಳುತ್ತದೆ. ನಮ್ಮ ಪುಡಿ ಕೆಟ್ಟರೆ ಕೆಟ್ಟಿತು, ಅಷ್ಟೇ. ಅಮೆರಿಕದ ಡೇನಿಯಲ್ ನೊಸೆರಾ 2008ರಲ್ಲಿ ತೋರಿಸಿದ, ನೀರು ಒಡೆಯಲು ನೆರವಾಗುವ ಕೋಬಾಲ್ಟ್ ಫಾಸ್ಫೇಟ್ ನನಗೆ ಇಷ್ಟವಾಗಿದ್ದು ಇದಕ್ಕೇ. ಕರಗಿದ ಕೋಬಾಲ್ಟ್ ಮತ್ತೆ ಬಂದು ತನ್ನ ಜಾಗದಲ್ಲಿ ಕೂರುತ್ತದೆ. ಅವರ 'ಕೃತಕ ಎಲೆ'ಯ ಸುದ್ದಿ 2011ರಲ್ಲಿ ಬಂದಾಗ ಊರವರೆಲ್ಲ ನನಗೆ ಫೋನು ಮಾಡಿದ್ದರು, ನಾನೇ ಕಂಡುಹಿಡಿದ ಹಾಗೆ.

ಬೆಂಗಳೂರಿನ ಜಕ್ಕೂರಿನಲ್ಲಿ ವಿಜ್ಞಾನಿ ಸಿ.ಎನ್.ಆರ್. ರಾವ್ ಅವರು ತಮ್ಮ ಎಂಬತ್ತರ ವಯಸ್ಸಿನ ಆಸುಪಾಸಿನಲ್ಲಿ ಕ್ಯಾಡ್ಮಿಯಂ ಸಲ್ಫೈಡ್ ಬಳಸಿ ಜಲಜನಕ ತೆಗೆಯುವ ಲೇಖನಗಳನ್ನು ಒಂದರ ಮೇಲೊಂದು ಪ್ರಕಟಿಸುತ್ತಿದ್ದಾಗ ನಾನು ಐವತ್ತೈದಕ್ಕೇ ದಣಿದಿದ್ದೆ. ನಾಚಿಕೆಯಾಗಿ ಮತ್ತೆ ನೀರಿಗೇ ಮರಳಿದೆ. ಕೊನೆಯ ವರ್ಷಗಳಲ್ಲಿ ಮೆಥನಾಲ್ ಹಾಕಿದ ನೀರಿನಿಂದ ಜಲಜನಕ ತೆಗೆದೆವು. ಅದು ಮೆಥನಾಲಿನ ಕೃಪೆ, ನೀರು ಪೂರ್ತಿ ಒಡೆದದ್ದಲ್ಲ ಎಂದು ಪ್ರತಿ ಲೇಖನದಲ್ಲೂ ಬರೆದೆವು.

ನಿವೃತ್ತಿಯ ಮರುವರ್ಷ ಜಪಾನಿನ ಡೊಮೆನ್ ಅವರ ತಂಡ ನೂರು ಚದರ ಮೀಟರ್ ಹರವಿನಲ್ಲಿ ಪುಡಿ ಬಳಿದ ಫಲಕಗಳನ್ನು ಬಿಸಿಲಿಗೆ ಹಾಸಿ ಜಲಜನಕ ಹಿಡಿಯಿತು. ದಕ್ಷತೆ ಹೆಚ್ಚೆಂದರೆ ನೂರಕ್ಕೆ 0.76. ಮಾರುಕಟ್ಟೆಯ ಸೌರಫಲಕಕ್ಕೆ ವಿದ್ಯುದ್ವಿಭಜನೆಯ ಯಂತ್ರ ಜೋಡಿಸಿದರೆ ಇದರ ಹತ್ತು ಪಟ್ಟಿಗಿಂತ ಹೆಚ್ಚು ಸಿಗುತ್ತದೆ. ಸದ್ಯಕ್ಕೆ ಗೆಲ್ಲುವುದು ಆ ದಾರಿಯೇ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಆ 0.76ನ್ನು ನಾನು ಬಹಳ ಹೊತ್ತು ನೋಡಿದೆ. ಸೆಪ್ಟಂ ಸೋರದೆ ಬಂದ ಅಂಕಿ ಅದು.

ಹೋದ ತಿಂಗಳು ಆ ಹುಡುಗ ಫೋನು ಮಾಡಿದ್ದ. ಈಗ ಅವನೂ ಪ್ರಾಧ್ಯಾಪಕ, ತಲೆ ನರೆತಿದೆ. ಹೊಸ ಕ್ರೊಮ್ಯಾಟೊಗ್ರಾಫ್ ಬಂದಿದೆಯಂತೆ, ಎಲ್ಲ ಕಂಪ್ಯೂಟರಿನಲ್ಲೇ, ಚಾರ್ಟ್ ಕಾಗದದ ಗೊಡವೆಯೇ ಇಲ್ಲವಂತೆ. ಅಭಿನಂದಿಸಿ, ಸೆಪ್ಟಂ ಎಷ್ಟು ಚುಚ್ಚಿಗೊಮ್ಮೆ ಬದಲಿಸುತ್ತೀ ಎಂದು ಕೇಳಿದೆ.

"ಹತ್ತಕ್ಕೊಮ್ಮೆ ಮೇಡಂ" ಎಂದ. ಸ್ವಲ್ಪ ತಡೆದು, "ಎಂಟಕ್ಕೊಮ್ಮೆ" ಎಂದು ತಿದ್ದಿಕೊಂಡ.