ಬ್ರಿಸ್ಟಲ್ ನೈಟ್ ರೇಸ್‌ಗೆ ಹೋಗ್ತೀರಾ? ಮೊದಲು ಕಿವಿಗೊಂದು ಸ್ಕ್ಯಾನರ್ ಬಾಡಿಗೆಗೆ ತಗೊಳ್ಳಿ

ಅಮೆರಿಕದ ಶಾರ್ಲೆಟ್ ಸುತ್ತಮುತ್ತ ಇರುವ ಕನ್ನಡದವರಿಗೆ ನಾಸ್ಕಾರ್, ಅಂದರೆ ಇಲ್ಲಿನ ಹೆಸರಾಂತ ಕಾರ್ ರೇಸ್, ಅನ್ನೋ ಹೆಸರು ಹೊಸದಲ್ಲ. ಊರ ನಡುವೆಯೇ ಅದರ ಹಾಲ್ ಆಫ್ ಫೇಮ್ ಇದೆ. ಪಕ್ಕದ ಕಾಂಕರ್ಡ್‌ನಲ್ಲಿ ಒಂದೂವರೆ ಮೈಲಿಯ ದೊಡ್ಡ ಟ್ರ್ಯಾಕ್ ಇದೆ. ಹೆಚ್ಚಿನ ಟೀಮ್‌ಗಳ ಗ್ಯಾರೇಜ್‌ಗಳೂ ಇಲ್ಲೇ. ಆದರೂ ಮೊದಲ ಸಲ ರೇಸ್ ನೋಡಬೇಕು ಅನ್ನುವವರಿಗೆ ನಾನು ಹೇಳುವುದು, ಬೆಟ್ಟ ದಾಟಿ ಟೆನೆಸ್ಸಿಯ ಬ್ರಿಸ್ಟಲ್‌ಗೆ ಹೋಗಿ ಅಂತ. ಸುಮಾರು 150 ಮೈಲಿ, ಹತ್ತಿರ ಹತ್ತಿರ ಮೂರು ಗಂಟೆ ದಾರಿ. ಅಟ್ಲಾಂಟಾ ಕಡೆಯವರಿಗೆ ಐದು ಗಂಟೆ ಆಗಬಹುದು.

ಯಾಕೆ ಅಷ್ಟು ದೂರ ಅಂದರೆ, ಹೆಸರಾಂತ ದೊಡ್ಡ ಟ್ರ್ಯಾಕ್‌ಗಳಲ್ಲಿ ಡೇಟೋನಾದ ಒಂದು ಸುತ್ತು ಎರಡೂವರೆ ಮೈಲಿ, ಟಲ್ಲಡೇಗಾದ್ದು 2.66 ಮೈಲಿ. ಅಲ್ಲಿ ಕಾರುಗಳು ನಿಮ್ಮೆದುರು ಝುಂ ಅಂತ ಹಾದು ಹೋಗಿ, ಆಚೆ ಬದಿಯಲ್ಲಿ ಬಣ್ಣದ ಚುಕ್ಕೆಗಳಾಗಿಬಿಡುತ್ತವೆ. ಉಳಿದದ್ದನ್ನು ಸ್ಕ್ರೀನ್ ಮೇಲೆ ನೋಡಬೇಕು. ಅದಕ್ಕೆ ಮನೆಯ ಟಿವಿ ಸಾಕು. ಬ್ರಿಸ್ಟಲ್ ಟ್ರ್ಯಾಕ್ ಬರೀ 0.533 ಮೈಲಿ. ನೆಲ ಕಾಂಕ್ರೀಟು. ತಿರುವುಗಳು 24ರಿಂದ 28 ಡಿಗ್ರಿ ಓರೆ. ಸುತ್ತಲೂ ಬಾವಿಯ ಗೋಡೆಯ ಹಾಗೆ ಎದ್ದು ನಿಂತ ಸೀಟುಗಳು. ಎಲ್ಲಿ ಕೂತರೂ ಪೂರ್ತಿ ಟ್ರ್ಯಾಕ್ ಕಣ್ಣ ಮುಂದೆ. ಒಂದು ಸುತ್ತಿಗೆ ಹದಿನೈದು, ಹದಿನಾರು ಸೆಕೆಂಡು. ಒಟ್ಟು 500 ಸುತ್ತು. 2016ರಲ್ಲಿ ಇದರ ಒಳಗೇ ಒಂದು ಕಾಲೇಜು ಫುಟ್‌ಬಾಲ್ ಪಂದ್ಯ ಆಡಿಸಿದಾಗ 1,56,990 ಜನ ಸೇರಿದ್ದರು. ಜಾಗದ ಗಾತ್ರ ಅದರಿಂದಲೇ ಗೊತ್ತಾಗುತ್ತದೆ.

1961ರಿಂದ ಇಲ್ಲಿ ರೇಸ್ ನಡೆಯುತ್ತಿದೆ. ವರ್ಷಕ್ಕೆ ಎರಡು ಸಲ ದೊಡ್ಡ ಸರಣಿ, ಅಂದರೆ ಕಪ್ ಸೀರೀಸ್, ಇಲ್ಲಿಗೆ ಬರುತ್ತದೆ. ವಸಂತದ ರೇಸ್ ಹಗಲು. ಸೆಪ್ಟೆಂಬರ್ ಮಧ್ಯದ ಶನಿವಾರದ್ದು ರಾತ್ರಿ. ಮೊದಲು ಆಗಸ್ಟ್‌ನಲ್ಲಿ ಇರುತ್ತಿದ್ದ ಈ ನೈಟ್ ರೇಸ್ 2020ರಿಂದ ಸೆಪ್ಟೆಂಬರ್‌ಗೆ ಬಂದಿದೆ. ಆಯ್ಕೆ ಇದ್ದರೆ ರಾತ್ರಿಯದನ್ನೇ ಆರಿಸಿ. ಬಿಸಿಲಿನ ಕಾಟ ಇಲ್ಲ. ದೀಪದ ಬೆಳಕಲ್ಲಿ ಕಾರುಗಳ ಬಣ್ಣ ಬೇರೆಯೇ ಕಾಣುತ್ತದೆ. ಬ್ರೇಕ್ ಡಿಸ್ಕ್‌ಗಳು ಕೆಂಪಗೆ ಹೊಳೆಯುವುದೂ ಕಾಣಿಸುತ್ತದೆ.

ಈಗ ಎಲ್ಲರೂ ಕೇಳುವ ಪ್ರಶ್ನೆ. "ಎಡಕ್ಕೆ ತಿರುಗೋದು, ಮತ್ತೆ ಎಡಕ್ಕೆ ತಿರುಗೋದು, ಇದರಲ್ಲಿ ನೋಡೋಕೆ ಏನಿದೆ?" ಸ್ಕ್ಯಾನರ್, ಅಂದರೆ ಟೀಮ್‌ಗಳ ಮಾತು ಕೇಳಿಸುವ ಪುಟ್ಟ ರೇಡಿಯೊ, ಇಲ್ಲದೆ ಹೋದರೆ ನಿಜಕ್ಕೂ ಏನೂ ಇಲ್ಲ. ಇಪ್ಪತ್ತು ಸುತ್ತು ಮೈ ಜುಮ್ಮೆನ್ನುತ್ತದೆ. ಆಮೇಲೆ ಬರೀ ಸದ್ದು. ಯಾರು ಮುಂದಿದ್ದಾರೆ, ಯಾರು ಒಂದು ಸುತ್ತು ಹಿಂದೆ ಬಿದ್ದಿದ್ದಾರೆ, ಒಂದೂ ಗೊತ್ತಾಗುವುದಿಲ್ಲ. ಬ್ರಿಸ್ಟಲ್‌ನಲ್ಲಂತೂ ಹತ್ತೇ ನಿಮಿಷದಲ್ಲಿ ಎಲ್ಲರಿಗಿಂತ ಮುಂದಿರುವ ಕಾರು ಸುತ್ತಿ ಬಂದು ಕೊನೆಯ ಕಾರಿನ ಬಾಲ ಹಿಡಿದಿರುತ್ತದೆ.

ಟ್ರ್ಯಾಕ್ ಹೊರಗೆ ಸಾಲಾಗಿ ನಿಲ್ಲುವ ಮಾರಾಟದ ಟ್ರೇಲರ್‌ಗಳ ನಡುವೆ ರೇಸಿಂಗ್ ಎಲೆಕ್ಟ್ರಾನಿಕ್ಸ್ ಅನ್ನುವವರದು ಇರುತ್ತದೆ. ಅಲ್ಲಿ ಸ್ಕ್ಯಾನರ್ ಮತ್ತು ಹೆಡ್‌ಸೆಟ್ ಬಾಡಿಗೆಗೆ ಕೊಡುತ್ತಾರೆ. ಪ್ರತಿ ಡ್ರೈವರ್ ತನ್ನ ಟೀಮ್ ಜತೆ ಮಾತಾಡುವ ರೇಡಿಯೊವನ್ನು ನೀವು ನೇರ ಕೇಳಬಹುದು. ಇಬ್ಬರಿಗೆ ಒಂದು ಸ್ಕ್ಯಾನರ್ ಸಾಕು, ಹೆಡ್‌ಸೆಟ್ ಎರಡು ತಗೊಳ್ಳಿ. ಫೋನಿನ ಆ್ಯಪ್‌ನಲ್ಲೂ ಈ ರೇಡಿಯೊ ಸಿಗುತ್ತದೆ. ಆದರೆ ಅಷ್ಟು ಜನ ಸೇರಿದ ಕಡೆ ಇಂಟರ್ನೆಟ್ ನಂಬಿ ಕೂರಬೇಡಿ.

ಒಂದೇ ಕಾರಿನ ಬೆನ್ನು ಹತ್ತಿ. ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಬಣ್ಣ ನೋಡಿ ಆರಿಸಿ. ದಾವಣಗೆರೆಯಿಂದ ಬಂದಿದ್ದ ನಮ್ಮ ಮಾವ 5ನೇ ನಂಬರ್ ಹಿಡಿದರು, ಅಂದರೆ ಕೈಲ್ ಲಾರ್ಸನ್. ಕಾರಿನ ಒಳಗಿರುವ ಡ್ರೈವರ್‌ಗೆ ಅಕ್ಕಪಕ್ಕ ಸರಿಯಾಗಿ ಕಾಣುವುದಿಲ್ಲ. ಮೇಲೆ ಛಾವಣಿಯಲ್ಲಿ ನಿಂತ ಸ್ಪಾಟರ್ ಅವನ ಕಣ್ಣು. "ಇನ್‌ಸೈಡ್, ಇನ್‌ಸೈಡ್, ಸ್ಟಿಲ್ ದೇರ್, ಕ್ಲಿಯರ್" ಅಂತ ಒಂದೇ ಸಮ ಹೇಳುತ್ತಿರುತ್ತಾನೆ. ಅರ್ಧ ಗಂಟೆಯಲ್ಲಿ ಮಾವನಿಗೆ ಇಡೀ ಭಾಷೆ ಬಂದುಬಿಟ್ಟಿತ್ತು. "ಅಲ್ಲಯ್ಯ, ಓಡಿಸೋನು ಒಬ್ಬ, ದಾರಿ ಹೇಳೋನು ಇನ್ನೊಬ್ಬ, ಬೈಯೋನು ಮತ್ತೊಬ್ಬ. ಅವನು ಕೋಪ ಮಾಡ್ಕೊಳ್ದೆ ಹೇಗೆ ಓಡಿಸ್ತಾನೆ?" ಅಂದರು. ಆ ಬೈಯೋನು ಅಂದರೆ ಕ್ರ್ಯೂ ಚೀಫ್. ಟೈರ್ ಎಷ್ಟು ಸವೆದಿದೆ, ಪೆಟ್ರೋಲ್ ಎಷ್ಟು ಸುತ್ತಿಗೆ ಬರುತ್ತದೆ, ಯಾವಾಗ ಒಳಗೆ ಕರೆಯಬೇಕು, ಎಲ್ಲ ಅವನ ಲೆಕ್ಕ.

ಕೋಪ ಮಾಡಿಕೊಳ್ಳುವವರೂ ಇದ್ದಾರೆ ಬಿಡಿ. 2012ರಲ್ಲಿ ಡ್ರೈವರ್ ಟೋನಿ ಸ್ಟೀವರ್ಟ್ ಇದೇ ಟ್ರ್ಯಾಕ್‌ನಲ್ಲಿ ತನ್ನ ಹೆಲ್ಮೆಟ್ ತೆಗೆದು ಮ್ಯಾಟ್ ಕೆನ್ಸೆತ್ ಕಾರಿಗೆ ಎಸೆದಿದ್ದರು. 1999ರ ನೈಟ್ ರೇಸ್‌ನ ಕೊನೇ ಸುತ್ತಿನಲ್ಲಿ ಡೇಲ್ ಅರ್ನ್‌ಹಾರ್ಟ್ ಮುಂದಿದ್ದ ಟೆರಿ ಲಬಾಂಟಿಗೆ ಹಿಂದಿನಿಂದ ತಾಗಿಸಿ ತಿರುಗಿಸಿಬಿಟ್ಟು ಗೆದ್ದರು. ಆ ಕಡೆ ಇವತ್ತಿಗೂ ಇದರ ಬಗ್ಗೆ ಕೇಳಿದರೆ ಒಂದು ಗಂಟೆ ಜಗಳ ಗ್ಯಾರಂಟಿ.

ನಿಯಮ ಜಾಸ್ತಿ ತಲೆಗೆ ಹಚ್ಚಿಕೊಳ್ಳಬೇಡಿ. ಇಷ್ಟು ಗೊತ್ತಿದ್ದರೆ ಸಾಕು. ನೈಟ್ ರೇಸ್ ಮೂರು ಭಾಗ: 125ನೇ ಸುತ್ತಿಗೆ ಒಂದು, 250ಕ್ಕೆ ಇನ್ನೊಂದು, 500ಕ್ಕೆ ಕೊನೆ. ಮೊದಲೆರಡು ಭಾಗದಲ್ಲೂ ಮೊದಲ ಹತ್ತು ಜನಕ್ಕೆ ಅಂಕ ಸಿಗುತ್ತದೆ. ಯಾರಾದರೂ ಗುದ್ದಿಕೊಂಡರೆ ಹಳದಿ ಬಾವುಟ. ಎಲ್ಲರೂ ವೇಗ ತಗ್ಗಿಸಲು ಮುಂದೆ ಬರುವ ಪೇಸ್ ಕಾರಿನ ಹಿಂದೆ ನಿಧಾನಕ್ಕೆ ಸಾಲು ಕಟ್ಟುತ್ತಾರೆ. ಹತ್ತು ಸೆಕೆಂಡಿನ ಮುನ್ನಡೆ ಇದ್ದವನಿಗೂ ಆಗ ಏನೂ ಉಳಿಯುವುದಿಲ್ಲ. ಒಂದು ಸುತ್ತು ಹಿಂದೆ ಬಿದ್ದವರಲ್ಲಿ ಮೊದಲನೆಯವನಿಗೆ ಆ ಸುತ್ತು ವಾಪಸ್ ಸಿಗುತ್ತದೆ. ಈ ಹೊತ್ತಲ್ಲೇ ಕಾರುಗಳು ಪಿಟ್‌ಗೆ, ಅಂದರೆ ಟೀಮ್‌ನವರು ಕಾಯುವ ಜಾಗಕ್ಕೆ, ಬರುವುದು. ಐದು ಜನ ಗೋಡೆ ಹಾರಿ ಬಂದು ನಾಲ್ಕು ಟೈರ್ ಬದಲಿಸಿ ಪೆಟ್ರೋಲ್ ತುಂಬಿಸುತ್ತಾರೆ. ಹತ್ತು, ಹನ್ನೊಂದು ಸೆಕೆಂಡು ಅಷ್ಟೇ. ಆದ್ದರಿಂದ ಹಳದಿ ಬಾವುಟ ಬಂದಾಗ ಟಾಯ್ಲೆಟ್‌ಗೆ ಎದ್ದು ಹೋಗಬೇಡಿ. ಎಲ್ಲರೂ ಆಗಲೇ ಹೋಗುವುದು, ಸಾಲೂ ಉದ್ದ. ಹಸಿರು ಬಾವುಟದಲ್ಲಿ ಓಟ ತಣ್ಣಗೆ ಸಾಗುತ್ತಿರುವಾಗ ಹೋಗಿ ಬನ್ನಿ.

ರೇಸ್ ಚೆನ್ನಾಗಿರುತ್ತದೆ ಅಂತ ಯಾರೂ ಗ್ಯಾರಂಟಿ ಕೊಡಲಾರರು. 2024ರಲ್ಲಿ ಇದೇ ಟ್ರ್ಯಾಕ್‌ನಲ್ಲಿ ಮಾರ್ಚ್ ರೇಸ್ ನಡೆದಾಗ ಟೈರ್‌ಗಳು ಬೇಗ ಸವೆದವು. ಮೊದಲ ಸ್ಥಾನ 54 ಸಲ ಕೈ ಬದಲಾಯಿತು. ಸಣ್ಣ ಟ್ರ್ಯಾಕ್‌ಗಳಲ್ಲಿ ಅದು ದಾಖಲೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಟೈರ್ ಸವೆಯಲಿಲ್ಲ. ಲಾರ್ಸನ್ 500ರಲ್ಲಿ 462 ಸುತ್ತು ಒಬ್ಬರೇ ಮುಂದಿದ್ದರು. ಎರಡನೇ ತರದ ರಾತ್ರಿ ಸಿಕ್ಕರೆ ಸ್ಕ್ಯಾನರ್ ತಿರುಗಿಸಿ ಹದಿನೈದನೇ ಸ್ಥಾನದವನನ್ನು ಕೇಳಿ. ಮಜಾ ಇರುವುದು ಅಲ್ಲೇ. ಅವನು ಸುತ್ತು ಕಳೆದುಕೊಳ್ಳದ ಹಾಗೆ ಒದ್ದಾಡುವುದು ಮುಂದಿರುವವನ ಓಟಕ್ಕಿಂತ ಚೆನ್ನಾಗಿರುತ್ತದೆ.

ಸೀಟು ಕಾಯ್ದಿರಿಸುವಾಗ ಎತ್ತರದ ಸಾಲುಗಳನ್ನೇ ನೋಡಿ. ಕೆಳಗಿನ ಸಾಲು ಅಗ್ಗ ಇರಬಹುದು. ಆದರೆ ಅಲ್ಲಿ ತಂತಿಬೇಲಿ ಅಡ್ಡ ಬರುತ್ತದೆ, ಆಚೆ ಬದಿ ಕಾಣುವುದಿಲ್ಲ. ಸವೆದ ಟೈರಿನ ರಬ್ಬರ್ ಚೂರುಗಳು ತಲೆ ಮೇಲೆ, ತಿಂಡಿ ಮೇಲೆ ಬಂದು ಬೀಳುತ್ತವೆ. ಮೆಟ್ಟಿಲು ಮಾತ್ರ ಕಡಿದು. ಮಂಡಿನೋವಿನ ಹಿರಿಯರಿದ್ದರೆ ನಡುವಿನ ಸಾಲು ತಗೊಂಡು, ಮೆಟ್ಟಿಲಿಗೆ ಹತ್ತಿರದ ಸೀಟೇ ಇರುವ ಹಾಗೆ ನೋಡಿಕೊಳ್ಳಿ.

ಸದ್ದಿನ ವಿಷಯ ಹಗುರವಾಗಿ ತಗೋಬೇಡಿ. ಬಾವಿಯೊಳಗೆ ಮೂವತ್ತಾರೋ ಮೂವತ್ತೆಂಟೋ ಎಂಜಿನ್‌ಗಳು ಒಟ್ಟಿಗೆ ಕೂಗಿದರೆ ಎದೆ ನಡುಗುತ್ತದೆ. ದೊಡ್ಡವರಿಗೆ ಇಯರ್‌ಪ್ಲಗ್ ಹಾಕಿ ಅದರ ಮೇಲೆ ಹೆಡ್‌ಸೆಟ್. ಮಕ್ಕಳಿಗೆ ಅವರ ಅಳತೆಯ ಇಯರ್‌ಮಫ್ ಮನೆಯಿಂದಲೇ ತನ್ನಿ. ಒಂದು ವಾರ ಮೊದಲೇ ಮನೆಯಲ್ಲಿ ಹಾಕಿಸಿ ಅಭ್ಯಾಸ ಮಾಡಿಸಿ, ಇಲ್ಲದಿದ್ದರೆ ಅಲ್ಲಿ ಕಿತ್ತು ಬಿಸಾಕುತ್ತಾರೆ. ನಮ್ಮ ಮಗಳು ಎರಡನೇ ಭಾಗದ ಹೊತ್ತಿಗೆ ಅದನ್ನು ಹಾಕಿಕೊಂಡೇ ನಿದ್ದೆ ಹೋದಳು. ಕೈಗೂಸನ್ನಂತೂ ಕರೆದುಕೊಂಡು ಹೋಗಲೇಬೇಡಿ.

ಊಟದ್ದು ಖುಷಿಯ ಸುದ್ದಿ. ಫುಟ್‌ಬಾಲ್ ಸ್ಟೇಡಿಯಂಗಳ ಹಾಗಲ್ಲ, ಇಲ್ಲಿಗೆ ಮನೆಯ ಊಟ ತರಬಹುದು. ಹದಿನಾಲ್ಕು ಇಂಚು ಉದ್ದ, ಅಗಲ, ಎತ್ತರದೊಳಗಿನ ಮೆತ್ತನೆ ಕೂಲರ್ ಬ್ಯಾಗ್‌ಗೆ ಅವಕಾಶ ಇದೆ. ಗಾಜಿನ ಬಾಟಲಿ ಬೇಡ. ಹೊರಡುವ ಮೊದಲು ಟ್ರ್ಯಾಕ್‌ನ ಸೈಟ್‌ನಲ್ಲಿ ಆ ವರ್ಷದ ಅಳತೆ ಒಮ್ಮೆ ನೋಡಿಬಿಡಿ. ನಾವು ಪುಳಿಯೋಗರೆ, ಮೊಸರನ್ನ, ಚಪಾತಿ ರೋಲ್ ಒಯ್ದಿದ್ದೆವು. ಒಳಗೆ ಸಸ್ಯಾಹಾರಿಗಳಿಗೆ ಸಿಗುವುದು ಫ್ರೈಸ್, ನಾಚೋಸ್, ಪ್ರೆಟ್ಜೆಲ್ ಅಷ್ಟೇ ಅಂದುಕೊಳ್ಳಿ. ಪಕ್ಕದವರು ಬಿಯರ್ ತಂದಿರುತ್ತಾರೆ, ಜಾಸ್ತಿಯೇ ತಂದಿರುತ್ತಾರೆ. ಹತ್ತು ಗಂಟೆ ಮೇಲೆ ಸ್ವಲ್ಪ ಗಲಾಟೆ ಇರುತ್ತದೆ, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ.

"ನಮ್ಮಂಥವರು ಅಲ್ಲಿ ಹೋದರೆ ಹೇಗೆ?" ಅಂತ ಮೆಲ್ಲಗೆ ಕೇಳುವವರೂ ಇದ್ದಾರೆ. ನ್ಯಾಯವಾದ ಪ್ರಶ್ನೆಯೇ. ಪ್ರೇಕ್ಷಕರಲ್ಲಿ ಭಾರತೀಯ ಮುಖಗಳು ಕಡಿಮೆ. 2020ರ ಜೂನ್‌ನಲ್ಲಿ ನಾಸ್ಕಾರ್ ತನ್ನ ಟ್ರ್ಯಾಕ್‌ಗಳಲ್ಲಿ ಕಾನ್ಫೆಡರೇಟ್ ಬಾವುಟ, ಅಂದರೆ ಗುಲಾಮಗಿರಿ ಉಳಿಸಲು ಹೋರಾಡಿದ ದಕ್ಷಿಣದ ರಾಜ್ಯಗಳ ಬಾವುಟ, ನಿಷೇಧಿಸಿತು. ದಾರಿಯಲ್ಲಿ ಯಾರದೋ ಅಂಗಳದಲ್ಲಿ ಅದು ಕಂಡರೆ ಆಶ್ಚರ್ಯಪಡಬೇಡಿ. ನಮಗೆ ಸಿಕ್ಕವರಂತೂ ಒಳ್ಳೆಯವರೇ. ಮಾವನ ಕೈಲಿ ಸ್ಕ್ಯಾನರ್ ನೋಡಿದ ಹಿಂದಿನ ಸಾಲಿನ ಅಜ್ಜ ಅವರಿಗೆ ಚಾನೆಲ್ ಹಾಕಿಕೊಟ್ಟು, ರೇಸ್ ಮುಗಿಯುವವರೆಗೂ ಪಾಠ ಮಾಡಿದರು. ಭಾರತದವರು ಯಾರೂ ಇದರಲ್ಲಿ ಓಡಿಸಿಲ್ಲವಾ ಅಂತ ಕೇಳಿದರೆ ನಿಮ್ಮ ಬಳಿಯೂ ಉತ್ತರ ಇರಲಿ: ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ 2010ರಲ್ಲಿ ನಾಸ್ಕಾರ್‌ನ ಟ್ರಕ್ ಸೀರೀಸ್‌ನಲ್ಲಿ ಓಡಿಸಿದ್ದರು. ರೇಸ್‌ಗೆ ಮುಂಚೆ ಪ್ರಾರ್ಥನೆ, ರಾಷ್ಟ್ರಗೀತೆ ಇರುತ್ತದೆ. ಟೋಪಿ ತೆಗೆದು ನಿಂತರೆ ಆಯಿತು. ಅದಕ್ಕೂ ಮೊದಲು ಡ್ರೈವರ್‌ಗಳು ತಾವೇ ಆರಿಸಿದ ಹಾಡಿಗೆ ಒಬ್ಬೊಬ್ಬರಾಗಿ ಹೊರಗೆ ಬರುತ್ತಾರೆ. ಅದನ್ನು ತಪ್ಪಿಸಿಕೊಳ್ಳಬೇಡಿ. ಯಾರಿಗೆ ಚಪ್ಪಾಳೆ, ಯಾರಿಗೆ ಛೀಮಾರಿ ಅಂತ ನೋಡಿದರೆ ರಾತ್ರಿಯ ನಾಯಕ, ಖಳನಾಯಕ ಯಾರು ಅಂತ ಗೊತ್ತಾಗಿಬಿಡುತ್ತದೆ.

ಮಳೆ ಬಂದರೆ ಇಲ್ಲಿ ಓಟ ನಿಲ್ಲುತ್ತದೆ. ಹತ್ತಿರದಲ್ಲಿ ಸಿಡಿಲು ಬಿದ್ದರೆ ಅರ್ಧ ಗಂಟೆ ಎಲ್ಲ ಬಂದ್. ಮತ್ತೊಂದು ಸಿಡಿಲಿಗೆ ಗಡಿಯಾರ ಮತ್ತೆ ಸೊನ್ನೆಯಿಂದ ಶುರು. ಮಳೆ ನಿಂತ ಮೇಲೂ ಟ್ರ್ಯಾಕ್ ಒಣಗಿಸಬೇಕು. ಅರ್ಧ ದೂರ ಓಡಿದ್ದರೆ ಅಲ್ಲಿಗೇ ಫಲಿತಾಂಶ ಹೇಳಿ ಮುಗಿಸಬಹುದು. ಇಲ್ಲದಿದ್ದರೆ ಮರುದಿನಕ್ಕೆ ಹೋಗುತ್ತದೆ. ಹಾಗಾಗಿ ಭಾನುವಾರಕ್ಕೆ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ಕೊಡೆ ಬೇಡ, ಹಿಂದಿನವರಿಗೆ ಅಡ್ಡ. ರೇನ್‌ಕೋಟ್ ತನ್ನಿ. ಬೆಟ್ಟದ ಊರು, ರಾತ್ರಿ ಚಳಿ ಆಗುತ್ತದೆ. ತೆಳು ಸ್ವೆಟರ್ ಇರಲಿ.

ಉಳಿಯಲು ಬ್ರಿಸ್ಟಲ್‌ನಲ್ಲೇ ರೂಮ್ ಹುಡುಕಿದರೆ ಆ ವಾರ ಬೆಲೆ ಕೇಳಿ ತಲೆ ತಿರುಗುತ್ತದೆ. ಎರಡು ಮೂರು ರಾತ್ರಿ ತಗೊಳ್ಳಲೇಬೇಕು ಅನ್ನುವ ಹೋಟೆಲ್‌ಗಳೂ ಇವೆ. ಜಾನ್ಸನ್ ಸಿಟಿ, ಕಿಂಗ್ಸ್‌ಪೋರ್ಟ್, ವರ್ಜಿನಿಯಾದ ಅಬಿಂಗ್‌ಡನ್ ಕಡೆ ನೋಡಿ, ಅದೂ ಕೆಲವು ತಿಂಗಳು ಮುಂಚೆ. ಬಜೆಟ್ ಬಿಗಿ ಇದ್ದರೆ ಹಿಂದಿನ ದಿನ ಶುಕ್ರವಾರದ ಎರಡನೇ ದರ್ಜೆಯ ರೇಸ್‌ಗೆ ಹೋಗಬಹುದು. ಟಿಕೆಟ್ ಅಗ್ಗ, ಟ್ರ್ಯಾಕ್ ಅದೇ. ನನ್ನ ಕೇಳಿದರೆ, ಸಣ್ಣ ಮಕ್ಕಳಿರುವವರಿಗೆ ಅದೇ ವಾಸಿ.

ಶನಿವಾರ ಮಧ್ಯಾಹ್ನದೊಳಗೆ ತಲುಪಿಬಿಡಿ. ಟ್ರ್ಯಾಕ್‌ಗೆ ಹೋಗುವ ರಸ್ತೆ ವಾಲಂಟೀರ್ ಪಾರ್ಕ್‌ವೇ ಸಂಜೆಗೆ ಗಾಡಿಗಳಿಂದ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಮನೆ ಅಂಗಳ, ಹೊಲಗಳಲ್ಲಿ ಪಾರ್ಕಿಂಗ್ ಮಾಡಿಸುವವರಿಗೆ ಕೊಡಲು ನಗದು ಇರಲಿ. ಕಾರು ನಿಲ್ಲಿಸಿದ ಜಾಗದ ಫೋಟೋ ತೆಗೆದಿಡಿ, ಕತ್ತಲಲ್ಲಿ ಎಲ್ಲ ಹೊಲವೂ ಒಂದೇ ತರ. ರೇಸ್ ಮುಗಿದ ತಕ್ಷಣ ಗಾಡಿ ತೆಗೆದರೂ ಪ್ರಯೋಜನ ಇಲ್ಲ. ಡಿಕ್ಕಿ ತೆಗೆದು ಉಳಿದ ಮೊಸರನ್ನ ತಿನ್ನುತ್ತಾ ಒಂದು ಗಂಟೆ ಕೂತಿರಿ.

ಅದೇ ರಾತ್ರಿ ಶಾರ್ಲೆಟ್‌ಗೆ ಹಿಂತಿರುಗುವ ಯೋಚನೆ ಬೇಡ. ಬೂನ್ ಅನ್ನುವ ಊರಿನ ಮೇಲೆ ಹೋಗುವ ಬೆಟ್ಟದ ರಸ್ತೆ ನಿದ್ದೆಗಣ್ಣಿನಲ್ಲಿ ಓಡಿಸುವಂಥದ್ದಲ್ಲ. ಭಾನುವಾರ ಬೆಳಿಗ್ಗೆ ಬ್ರಿಸ್ಟಲ್ ಪೇಟೆಯ ಸ್ಟೇಟ್ ಸ್ಟ್ರೀಟ್ ನೋಡಿಕೊಂಡು ಹೊರಡಿ. ರಸ್ತೆಯ ಒಂದು ಬದಿ ಟೆನೆಸ್ಸಿ, ಇನ್ನೊಂದು ಬದಿ ವರ್ಜಿನಿಯಾ. ನಡುವೆ ಹಿತ್ತಾಳೆಯ ಗುರುತುಗಳು. 1927ರಲ್ಲಿ ಕಂಟ್ರಿ ಸಂಗೀತದ ಹೆಸರಾಂತ ರೆಕಾರ್ಡಿಂಗ್‌ಗಳು ನಡೆದದ್ದು ಈ ಊರಲ್ಲೇ. ಅದರ ಮ್ಯೂಸಿಯಂ ಕೂಡ ಅಲ್ಲೇ ಹತ್ತಿರದಲ್ಲಿದೆ. ಭಾನುವಾರ ಬಾಗಿಲು ತೆರೆಯುವ ಹೊತ್ತು ಮೊದಲೇ ನೋಡಿಕೊಂಡು ಹೋಗಿ.